ಬಾಗಿಲು ಹಾಕಿದ ಮೇಲಿನ ಮೊದಲ ಅರ್ಧ ಗಂಟೆ

ನಾಯಿಯನ್ನು ಒಂಟಿಯಾಗಿ ಬಿಟ್ಟು ಹೊರಗೆ ಹೋಗಿ ಬರುವಷ್ಟರಲ್ಲಿ ಬಾಗಿಲ ಚೌಕಟ್ಟು ಕೆರೆದು ಹೋಗಿರುತ್ತದೆ, ನಡುಮನೆಯಲ್ಲಿ ಉಚ್ಚೆ, ನೆಲದ ಮೇಲೆಲ್ಲ ಜೊಲ್ಲು. ಇಡೀ ಹೊತ್ತು ಊಳಿಟ್ಟಿತೆಂದು ಪಕ್ಕದ ಮನೆಯವರ ದೂರು ಬೇರೆ. 'ಬಿಟ್ಟು ಹೋದೆವಲ್ಲ, ಅದಕ್ಕೇ ಸೇಡು ತೀರಿಸಿಕೊಂಡಿದೆ' ಎನ್ನುವವರೇ ಹೆಚ್ಚು. ಬೈದರೆ ನಾಯಿ ಕಿವಿ ಮಡಚಿ ತಲೆ ತಗ್ಗಿಸುತ್ತದೆ, ನಾವು ಅದನ್ನು ತಪ್ಪೊಪ್ಪಿಗೆ ಅಂದುಕೊಳ್ಳುತ್ತೇವೆ. ನಾಯಿಗಳ ವರ್ತನೆಯ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಪರೀಕ್ಷೆಗೆ ಒಡ್ಡಿತು. ತಪ್ಪು ಮಾಡಿರಲಿ ಬಿಡಲಿ, ಒಡೆಯರು ಗದರಿದಾಗ ನಾಯಿಗಳು ಆ ಮುಖ ಹೆಚ್ಚಾಗಿ ಮಾಡಿದವು. ಅದು ನಮ್ಮ ಸಿಟ್ಟಿಗೆ ಹೆದರಿದ ಮುಖ. ಗಾಬರಿಗೆ ಬಿದ್ದ ನಾಯಿಗೆ ಹೀಗೆ ಬೈದರೆ, ಒಂಟಿಯಾಗಿರುವ ಭಯದ ಜೊತೆಗೆ ನಾವು ವಾಪಸ್ ಬರುವ ಭಯವೂ ಸೇರಿಕೊಳ್ಳುತ್ತದೆ.

ಹಾಗಂತ ಒಂಟಿಯಾಗಿದ್ದಾಗ ರಂಪ ಮಾಡುವ ನಾಯಿಗಳಿಗೆಲ್ಲ ಸೆಪರೇಷನ್ ಆಂಗ್ಸೈಟಿ, ಅಂದರೆ ಒಂಟಿಯಾಗಿ ಬಿಟ್ಟಾಗ ಹುಟ್ಟುವ ವಿಪರೀತ ಗಾಬರಿ, ಇದೆ ಎಂದಲ್ಲ. ಕೆಲವಕ್ಕೆ ಬರೀ ಬೇಜಾರು. ಯಾವುದು ಯಾವುದೆಂದು ಊಹೆಯ ಮೇಲೆ ಹೇಳುವುದಕ್ಕೆ ಆಗುವುದಿಲ್ಲ, ಕಣ್ಣಾರೆ ನೋಡಬೇಕು. ಹಳೆಯ ಮೊಬೈಲ್ ಒಂದನ್ನು ಬಾಗಿಲು ಕಾಣುವ ಹಾಗೆ ಶೆಲ್ಫ್ ಮೇಲಿಟ್ಟು, ಅದರಿಂದ ನಿಮ್ಮ ಫೋನಿಗೆ ವಿಡಿಯೋ ಕಾಲ್ ಹಾಕಿಕೊಂಡು ಹೊರಗೆ ಹೋಗಿ. ನಿಮ್ಮ ಕಡೆಯ ಮೈಕ್ ಮ್ಯೂಟ್ ಮಾಡುವುದನ್ನು ಮರೆಯಬೇಡಿ. ನಿಮ್ಮ ದನಿ ಕೇಳಿಸಿದರೆ ಪರೀಕ್ಷೆಯೇ ಕೆಟ್ಟುಹೋಯಿತು.

ಬೇಜಾರಿನ ನಾಯಿ ಸಾಮಾನ್ಯವಾಗಿ ಮೊದಲು ಮಲಗುತ್ತದೆ. ಗಂಟೆಯೋ ಎರಡು ಗಂಟೆಯೋ ಕಳೆದ ಮೇಲೆ ಎದ್ದು, ಕಸದ ಬುಟ್ಟಿ ಕೆದಕಿ, ಚಪ್ಪಲಿ ಅಗಿದು, ಮತ್ತೆ ಮಲಗುತ್ತದೆ. ಗಾಬರಿಯ ನಾಯಿ ಹಾಗಲ್ಲ. ಅದರದು ಬಹುಪಾಲು ಮೊದಲ 30 ನಿಮಿಷದೊಳಗೆ, ಎಷ್ಟೋ ಸಲ ಮೊದಲ ಕೆಲವೇ ನಿಮಿಷಗಳಲ್ಲಿ ಶುರುವಾಗುತ್ತದೆ: ಬಾಗಿಲಿಗೂ ಕಿಟಕಿಗೂ ಓಡಾಟ, ಸೆಕೆ ಇಲ್ಲದಿದ್ದರೂ ಏದುಸಿರು, ಊಳು, ಜೊಲ್ಲು. ಹಾಳು ಮಾಡಿದ ಜಾಗವನ್ನೂ ಗಮನಿಸಿ. ಗಾಬರಿಯದಾದರೆ ಗುರುತು ಹೆಚ್ಚಾಗಿ ಹೊರಬೀಳುವ ದಾರಿಯಲ್ಲಿ, ಬಾಗಿಲು ಕಿಟಕಿಗಳ ಬಳಿ ಇರುತ್ತದೆ. ಇನ್ನೊಂದು ಒಳ್ಳೆಯ ಸುಳಿವು ತಿಂಡಿ. ಜೀವ ಬಿಡುವಷ್ಟು ಇಷ್ಟದ ತಿಂಡಿಯನ್ನು ಮುಂದಿಟ್ಟು ಹೋದರೂ ಮೂಸದೆ, ನೀವು ಬಂದ ಕೂಡಲೇ ಗಬಗಬ ತಿಂದರೆ ಅನುಮಾನ ಗಟ್ಟಿಯಾಗುತ್ತದೆ.

ಪಶುವೈದ್ಯರ ಬಳಿ ಒಮ್ಮೆ ಹೋಗಲೇಬೇಕು, ಆ ವಿಡಿಯೋ ಜೊತೆಗಿರಲಿ. ಮನೆಯೊಳಗಿನ ಉಚ್ಚೆಗೆ ಮೂತ್ರದ ಸೋಂಕು, ಸಕ್ಕರೆ ಕಾಯಿಲೆ ಅಥವಾ ಸ್ಟೀರಾಯ್ಡ್ ಮಾತ್ರೆಯೂ ಕಾರಣವಿರಬಹುದು. ವಯಸ್ಸಾದ ನಾಯಿಯಲ್ಲಿ ಇದು ಹೊಸದಾಗಿ ಕಾಣಿಸಿಕೊಂಡು, ರಾತ್ರಿ ನಿದ್ದೆ ಬಿಟ್ಟು ಅಲೆಯುವುದೂ ಇದ್ದರೆ ಮಿದುಳಿನ ಮುಪ್ಪನ್ನು ಯೋಚಿಸಬೇಕು. ಕೆಲವು ನಾಯಿಗಳಿಗೆ ಒಂಟಿತನದ ತೊಂದರೆಯೇ ಇರುವುದಿಲ್ಲ, ಕೂಡಿಹಾಕುವುದು ಆಗದು. ನೀವು ಎದುರಿಗೇ ಕೂತು ಕ್ರೇಟಿನ, ಅಂದರೆ ನಾಯಿಯ ಪಂಜರದ, ಬಾಗಿಲು ಹಾಕಿದಾಗಲೂ ಒದ್ದಾಡಿದರೆ ತಪ್ಪು ಕ್ರೇಟಿನದು. ನಿಜವಾದ ಗಾಬರಿ ಇರುವ ನಾಯಿಯನ್ನು ಕ್ರೇಟಿಗೆ ಹಾಕಿ ಹೋದರೆ ಕಂಬಿ ಕಚ್ಚಿ ಹಲ್ಲು ಮುರಿದುಕೊಳ್ಳುವುದೂ ಉಂಟು.

ಈಗ ತರಬೇತಿ. ಇದರ ಮೊದಲ ಹೆಜ್ಜೆಯೇ ಎಲ್ಲಕ್ಕಿಂತ ಕಷ್ಟ: ನಾಯಿ ತಡೆದುಕೊಳ್ಳುವಷ್ಟು ಹೊತ್ತಿಗಿಂತ ಹೆಚ್ಚು ಅದನ್ನು ಒಂಟಿಯಾಗಿ ಬಿಡುವುದನ್ನೇ ನಿಲ್ಲಿಸಬೇಕು. ಬೆಳಿಗ್ಗೆ ಹತ್ತು ನಿಮಿಷ ಅಭ್ಯಾಸ ಮಾಡಿಸಿ, ಆಮೇಲೆ ಎಂಟು ಗಂಟೆ ಬಿಟ್ಟು ಹೋದರೆ, ಅದು ಕಲಿಯುವುದು ಎಂಟು ಗಂಟೆಯ ಪಾಠವನ್ನೇ. ಆದರೆ ಬಹಳಷ್ಟು ನಾಯಿಗಳಿಗೆ ನೀವೇ ಬೇಕೆಂದಿಲ್ಲ, ಯಾರೋ ಒಬ್ಬರು ಜೊತೆಗಿದ್ದರೆ ಸಾಕು. ಅಜ್ಜಿ, ಪಕ್ಕದ ಮನೆಯ ಕಾಲೇಜು ಹುಡುಗ, ಡೇಕೇರ್, ಕಾರು ತಂಪಾಗಿದ್ದು ಒಳಗೆ ಯಾರಾದರೂ ಜೊತೆಗಿದ್ದರೆ ಕಾರು, ಹೀಗೆ ಒಂದು ಪಟ್ಟಿ ಮಾಡಿಕೊಂಡು ವಾರವನ್ನು ತುಂಬಿಸಿ.

ನಂತರ ನಾಯಿ ಗಾಬರಿಯಾಗದೆ ಎಷ್ಟು ಹೊತ್ತು ತಡೆದುಕೊಳ್ಳುತ್ತದೆ ಎಂಬ ಮಿತಿ ಅಳೆಯಿರಿ. ಹೊರಗೆ ಹೋಗಿ ಫೋನಿನಲ್ಲಿ ನೋಡುತ್ತಿರಿ. ಬೊಗಳುವವರೆಗೆ ಕಾಯಬೇಡಿ, ಅಷ್ಟು ಹೊತ್ತಿಗೆ ಮಿತಿ ದಾಟಿ ಬಹಳವಾಗಿರುತ್ತದೆ. ತುಟಿ ನೆಕ್ಕುವುದು, ನಿದ್ದೆ ಬಾರದಿದ್ದರೂ ಆಕಳಿಕೆ, ಬಾಗಿಲಿಗೆ ಅಂಟಿದ ನೋಟ, ಸಣ್ಣ ಕುಂಯ್‌ಗುಟ್ಟುವಿಕೆ, ಇವೇ ಮೊದಲ ಗುರುತುಗಳು. ಅದು 40ನೇ ಸೆಕೆಂಡಿಗೆ ಕಂಡರೆ ಅಭ್ಯಾಸ 20 ಸೆಕೆಂಡಿನಿಂದ ಶುರು. ಕೆಲವು ನಾಯಿಗಳಿಗೆ ಚಿಲಕಕ್ಕೆ ಕೈ ಹಾಕಿದರೇ ಸಾಕು, ಮಿತಿ ಮುಗಿಯಿತು. ಆಗ ಚಿಲಕ ಮುಟ್ಟಿ ವಾಪಸ್ ಬಂದು ಕೂರುವುದೇ ಮೊದಲ ಪಾಠ.

20 ಸೆಕೆಂಡಿನ ನಾಯಿಗೆ ಒಂದು ದಿನದ ಪಾಠ ಹೀಗಿರಬಹುದು: 5 ಸೆಕೆಂಡ್, 12, 8, 20, 6, 15. ಪ್ರತಿ ಸಲ ಒಳಗೆ ಬಂದ ಮೇಲೆ ಅದು ಮತ್ತೆ ಸಡಿಲಾಗುವವರೆಗೆ, ಒಂದೆರಡು ನಿಮಿಷವಾದರೂ ಸರಿ, ಕಾಯಿರಿ. ಸಂಖ್ಯೆಗಳು ಏರುತ್ತಲೇ ಹೋಗಬಾರದು. ಪ್ರತಿ ಸಲವೂ ಹಿಂದಿನದಕ್ಕಿಂತ ಕಷ್ಟವಾದರೆ ಮುಂದಿನದು ಇನ್ನೂ ಉದ್ದ ಎಂದು ನಾಯಿಗೆ ಗೊತ್ತಾಗಿಬಿಡುತ್ತದೆ. ಒಟ್ಟು 20-30 ನಿಮಿಷ, ವಾರಕ್ಕೆ ನಾಲ್ಕೈದು ದಿನ ಸಾಕು. ನೋಟ್‌ಬುಕ್ಕಿನಲ್ಲಿ ದಿನ, ಹೊತ್ತು, ಎಷ್ಟು ಸೆಕೆಂಡಿಗೆ ಯಾವ ಗುರುತು ಎಂದು ಬರೆದಿಡಿ. ಮೂರು ವಾರದ ನಂತರ ಏನೂ ಆಗುತ್ತಿಲ್ಲ ಎನಿಸಿದಾಗ ಧೈರ್ಯ ಕೊಡುವುದು ಆ ನೋಟ್‌ಬುಕ್ಕೇ.

ನಡುವೆ ಅಳು ಶುರುವಾದರೆ? ಒಳಗೆ ಹೋಗಿ. 'ಅತ್ತಾಗ ಬಾಗಿಲು ತೆರೆದರೆ ಅಳುವುದನ್ನೇ ಕಲಿಯುತ್ತದೆ' ಎಂಬ ಮಾತು ಹಟಕ್ಕೆ ಹೊಂದೀತು, ಗಾಬರಿಗೆ ಹೊಂದುವುದಿಲ್ಲ. ಲೆಕ್ಕ ತಪ್ಪಿದ್ದು ನಿಮ್ಮದು. ಮಾರನೆಯ ದಿನ ಹೊತ್ತನ್ನು ಅರ್ಧಕ್ಕೆ ಇಳಿಸಿ.

ಬೀಗದ ಕೈ, ಶೂ, ಬ್ಯಾಗು ಕಂಡರೇ ನಡುಗುವ ನಾಯಿಗೆ, ಅವನ್ನು ಕೈಗೆತ್ತಿಕೊಂಡು ಸುಮ್ಮನೆ ಸೋಫಾದಲ್ಲಿ ಕೂರುವ ಅಭ್ಯಾಸ ಒಳ್ಳೆಯದೇ. ಆದರೆ ದಿನಕ್ಕೆ ಐವತ್ತು ಸಲ ಕೀ ಝಣಝಣಿಸುವುದು ನನಗೆ ಸರಿಕಾಣದು. ಯಾವಾಗ ನಿಜವಾಗಿ ಹೋಗುತ್ತೀರೆಂದೇ ತಿಳಿಯದೆ ನಾಯಿ ಇಡೀ ದಿನ ಕಾವಲು ಕೂರುತ್ತದೆ. ಮೊದಲು ಬಾಗಿಲಿನ ಅಭ್ಯಾಸ ಬರಿಗೈಯಲ್ಲಿ ಗಟ್ಟಿಯಾಗಲಿ. ಆಮೇಲೆ ಒಂದೊಂದೇ ವಸ್ತು ಸೇರಿಸಿ, ಸೇರಿಸಿದ ದಿನ ಸಮಯ ಇಳಿಸಿ.

ತಿಂಡಿ ತುಂಬಿದ ರಬ್ಬರ್ ಆಟಿಕೆ ಬೇಜಾರಿಗೆ ಒಳ್ಳೆಯ ಮದ್ದು. ಗಾಬರಿಯ ನಾಯಿ ಮಾತ್ರ ಕೊನೆಯ ತುಣುಕು ನೆಕ್ಕಿ ಮುಗಿಸಿ ತಲೆಯೆತ್ತಿದ ಕ್ಷಣ 'ಎಲ್ಲಿ ಹೋದರು' ಎಂದು ಶುರುಮಾಡುತ್ತದೆ. ಅಲ್ಲಿಯವರೆಗೆ ನೀವು ಅಳೆದದ್ದು ತಿಂಡಿ ಬಾಳಿದ ಹೊತ್ತನ್ನಷ್ಟೇ. ಆಟಿಕೆಗೆ ಪೀನಟ್ ಬಟರ್ ತುಂಬುವವರು ಡಬ್ಬಿಯ ಮೇಲೆ ಕ್ಸೈಲಿಟಾಲ್ ಎಂದಿದೆಯೇ ನೋಡಿ. ಆ ಸಿಹಿ ನಾಯಿಗೆ ವಿಷ. ಎರಡನೇ ನಾಯಿ ತರುವುದೂ ಸಾಮಾನ್ಯವಾಗಿ ಕೆಲಸಕ್ಕೆ ಬರುವುದಿಲ್ಲ, ಕೊರತೆ ಮನುಷ್ಯರದು. ಬೊಗಳಿದರೆ ಶಾಕ್ ಹೊಡೆಯುವ ಬೆಲ್ಟ್ ಬಗ್ಗೆ ಮಾತೇ ಬೇಡ.

ಮಿತಿ ತೀರಾ ಕಡಿಮೆಯಿದ್ದರೆ, ಅಥವಾ ನಾಯಿ ಮೈಗೆ ಗಾಯ ಮಾಡಿಕೊಳ್ಳುತ್ತಿದ್ದರೆ, ಔಷಧಿಯನ್ನು ಕೊನೆಗೆಂದು ಇಟ್ಟುಕೊಳ್ಳಬೇಡಿ. ಗಾಬರಿಯಲ್ಲಿ ಮುಳುಗಿದ ಮಿದುಳಿಗೆ ಪಾಠ ಇಳಿಯುವುದಿಲ್ಲ. ಈ ತೊಂದರೆಗೆಂದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಕ್ಲೋಮಿಪ್ರಮಿನ್ ಎಂಬ ಮಾತ್ರೆಗೆ 1998ರಲ್ಲಿ, ಫ್ಲೂಆಕ್ಸೆಟಿನ್ ಎಂಬುದಕ್ಕೆ 2007ರಲ್ಲಿ ಅನುಮತಿ ಕೊಟ್ಟಿದೆ. ಎರಡನ್ನೂ ತರಬೇತಿಯ ಜೊತೆಗೇ ದಿನವೂ ಕೊಡಬೇಕು. ಪೂರ್ತಿ ಪರಿಣಾಮಕ್ಕೆ 4ರಿಂದ 8 ವಾರ ಹಿಡಿಯಬಹುದು. ಮೊದಲ ದಿನಗಳಲ್ಲಿ ಊಟ ಕಡಿಮೆಯಾಗುವುದು, ಮಂಕಾಗುವುದು ಇರಬಹುದು. ಉಣ್ಣಿ ಹುಳಕ್ಕೆಂದು ಅಮಿಟ್ರಾಜ್ ಎಂಬ ಔಷಧಿ ಇರುವ ಬೆಲ್ಟ್ ಅಥವಾ ಸ್ನಾನದ ಔಷಧಿ ಬಳಸುತ್ತಿದ್ದರೆ ವೈದ್ಯರಿಗೆ ಮೊದಲೇ ಹೇಳಿ, ಈ ಮಾತ್ರೆಗಳ ಜೊತೆ ಅದು ಅಪಾಯ. ಗುಣ ಕಂಡಿತೆಂದು ಒಮ್ಮೆಲೇ ನಿಲ್ಲಿಸಬೇಡಿ, ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ. ಬರೀ ಅಸಿಪ್ರೊಮಜಿನ್ ಎಂಬ ಮಂಪರಿನ ಔಷಧಿ ಕೊಟ್ಟರೆ ನಾಯಿ ಮಲಗಿದಂತೆ ಕಾಣುತ್ತದೆ, ಒಳಗಿನ ಭಯ ಹಾಗೆಯೇ ಇರುತ್ತದೆ.

ಮೊದಲ 30 ನಿಮಿಷ ತಲುಪುವುದಕ್ಕೇ ತಿಂಗಳುಗಳು ಬೇಕಾಗಬಹುದು. ಅಲ್ಲಿಂದ ಮುಂದೆ ಹೆಜ್ಜೆ ದೊಡ್ಡದಾಗುತ್ತದೆ, ಒಂದೊಂದು ಸಲಕ್ಕೆ 5, 10, 15 ನಿಮಿಷ ಸೇರಿಸಬಹುದು. ಮನೆ ಬದಲಾಯಿಸಿದರೆ, ನಾಯಿಗೆ ಹುಷಾರು ತಪ್ಪಿದರೆ, ನೀವು ದೀರ್ಘ ರಜೆ ಮುಗಿಸಿ ಮತ್ತೆ ಕೆಲಸಕ್ಕೆ ಹೊರಟರೆ ಮಿತಿ ಕುಸಿಯುತ್ತದೆ. ಆಗ ನೋಟ್‌ಬುಕ್ ತೆಗೆದು, ಕೊನೆಯ ಸಲ ಸಲೀಸಾಗಿದ್ದ ಹೊತ್ತಿನ ಅರ್ಧದಿಂದ ಶುರುಮಾಡಿ. ಹೊಸದಾಗಿ ಕಲಿಯುವುದಕ್ಕಿಂತ ಈ ಸಲ ಸಾಮಾನ್ಯವಾಗಿ ಬೇಗ ಮೇಲೇರುತ್ತದೆ.