ಬಾಗಿಲು ಸ್ವಲ್ಪ ಎತ್ತಿ ಎಳೀಬೇಕು

ಭಾನುವಾರ ಸಂಜೆಯಿಂದ ಒಂದೇ ಮಾತು ಕಿವಿಯಲ್ಲಿ ಕೂತುಬಿಟ್ಟಿದೆ. "ಇಷ್ಟು ಹಗುರ ಇತ್ತಾ ಇದು?" ಕೇಳಿದವರು 70 ದಾಟಿದ ಒಬ್ಬ ಅಮ್ಮ. ಕೇಳಿದ್ದು ಹಸಿರುಮನೆಯ, ಅಂದರೆ ಗಿಡ ಬೆಳೆಸುವ ಗಾಜಿನ ಮನೆಯ, ಬಾಗಿಲಿನ ಬಗ್ಗೆ. ಅದು ಅವರದ್ದೇ ಹಸಿರುಮನೆ, ನಾನು ಕೊಂಡು, ಬಿಚ್ಚಿ ತಂದು, ಮತ್ತೆ ಜೋಡಿಸಿದ್ದು. ಕೆಲಸ ಮುಗಿದು ವಾರ ಆಗುತ್ತಾ ಬಂತು, ಹೆಬ್ಬೆರಳಿನ ನೋವೂ ಹೋಯಿತು, ಈ ಮಾತು ಮಾತ್ರ ಹೋಗುತ್ತಿಲ್ಲ.

ನಾನು ಮೊದಲ ಸಲ ನೋಡಲು ಹೋದಾಗ ಅವರು ಶುರು ಮಾಡಿದ್ದೇ ಬಾಗಿಲಿನಿಂದ. "ನೋಡಪ್ಪ, ಬಾಗಿಲನ್ನ ಸ್ವಲ್ಪ ಎತ್ತಿ ಎಳೀಬೇಕು. ಇಲ್ಲಾಂದ್ರೆ ಬರಲ್ಲ." ಎರಡೂ ಕೈಯನ್ನು ಹಿಡಿಯ ಕೆಳಗೆ ಕೊಟ್ಟು, ಮೊಣಕಾಲು ಬಗ್ಗಿಸಿ, ಉಸಿರು ಬಿಗಿಹಿಡಿದು ಎತ್ತಿ ತೋರಿಸಿದರು. ಕಿರ್ ಅಂತ ಅರ್ಧ ತೆರೆದು ನಿಂತಿತು. ಅದನ್ನು ನಿಲ್ಲಿಸಿದ್ದು ಅವರ ಯಜಮಾನರು, ಅವರು ತೀರಿಕೊಂಡು ಐದು ವರ್ಷ. "ಅವರು ಒಂದೇ ಕೈಲಿ ಎತ್ತೋರು. ನನಗೆ ಭುಜ ಹಿಡ್ಕೊಂಡ ಮೇಲೆ ಆಗ್ಲಿಲ್ಲ. ಒಳಗೆ ಹೋಗೋದನ್ನೇ ಬಿಟ್ಟೆ." ಒಳಗೆ ಇಣುಕಿದೆ. ಒಣಗಿದ ಕುಂಡಗಳ ಸಾಲು, ಒಂದು ತೂತು ಬಿದ್ದ ನೀರಿನ ಕ್ಯಾನು, ಗಾಜಿನ ಮೇಲೆಲ್ಲ ಹಸಿರು ಪಾಚಿ.

ಅವರ ಮಗ ಹಿಂದೆಯೇ ನಿಂತಿದ್ದರು. "ಗುಜರಿಗೆ ಹಾಕೋಣ ಅಂತಿದ್ದೆ, ಅಷ್ಟರಲ್ಲಿ ನೀವು ಬಂದ್ರಿ" ಅಂದರು. ಅಮ್ಮ ಅಲ್ಲೇ ಇದ್ದರು, ಕೇಳಿಸಿಕೊಂಡರು. ನನಗೆ ಆ ಮಾತು ಹಿಡಿಸಲಿಲ್ಲ. ಜಾಗ ಬೇಕು ಅನ್ನೋದು ತಪ್ಪಲ್ಲ, ಆದರೆ ಅಪ್ಪ ನಿಲ್ಲಿಸಿದ್ದನ್ನು ಅಮ್ಮನ ಎದುರಿಗೇ ಗುಜರಿ ಅನ್ನಬಾರದು.

ಬಿಚ್ಚೋದಕ್ಕೆ ಎರಡು ದಿನ ಹಿಡಿಯಿತು. ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆದೆ. ಚೌಕಟ್ಟಿನ ಪ್ರತಿ ಪಟ್ಟಿಗೂ ಕಾಗದದ ಟೇಪು ಸುತ್ತಿ ಗುರುತು ಬರೆದೆ: ಎಡ 1, ಎಡ 2, ಹಿಂದೆ 3. ಸೆಕೆಂಡ್ ಹ್ಯಾಂಡ್ ಹಸಿರುಮನೆಯ ಜೊತೆ ಜೋಡಿಸುವ ಪುಸ್ತಕ ಬರೋದಿಲ್ಲ, ಆ ಗುರುತೇ ಪುಸ್ತಕ. ಆಮೇಲೆ ಗಾಜು. ಅಲ್ಯೂಮಿನಿಯಂ ಹಸಿರುಮನೆಯಲ್ಲಿ ಗಾಜನ್ನು ಹಿಡಿದಿರೋದು ಸ್ಪ್ರಿಂಗ್ ತಂತಿಯ ಸಣ್ಣ ಕ್ಲಿಪ್ಪುಗಳು, ಇಂಗ್ಲಿಷಿನ ಡಬ್ಲ್ಯು ಆಕಾರದ್ದು. ಒಂದರ ಮೇಲೊಂದು ಗಾಜು ಕೂರುವ ಕಡೆ ಇನ್ನೊಂದು ಕ್ಲಿಪ್ಪು, ಜ಼ೆಡ್ ಆಕಾರದ್ದು, ಮೇಲಿನ ಗಾಜು ಜಾರದ ಹಾಗೆ ಕೆಳಗಿನ ಗಾಜಿನ ಅಂಚಿಗೆ ಕೊಕ್ಕೆ ಹಾಕಿಕೊಂಡಿರುತ್ತದೆ. ಎರಡು ಗಾಜು ಒಂದರ ಮೇಲೊಂದು ಬರುವ ಆ ಒಂದು ಸೆಂಟಿಮೀಟರ್ ಜಾಗದಲ್ಲಿ ಪಾಚಿ ಅಂಟಿನ ಹಾಗೆ ಹಿಡಿದುಕೊಂಡಿತ್ತು. ಎಳೆದರೆ ಒಡೆಯುತ್ತೆ. ಬಿಸಿನೀರು ಬಿಟ್ಟು, ಕಾದು, ಹಳೆಯ ಪ್ಲಾಸ್ಟಿಕ್ ಕಾರ್ಡೊಂದನ್ನು ನಡುವೆ ತೂರಿಸಿ, ಮೆಲ್ಲಗೆ ಬಿಡಿಸಿದೆ.

ಗಾಜು 2 ಅಡಿಗೆ 2 ಅಡಿ, 3 ಮಿಲಿಮೀಟರ್ ದಪ್ಪ. ಒಂದೊಂದೂ ಹತ್ತಿರ ಹತ್ತಿರ 3 ಕೆಜಿ. ನಲವತ್ತಕ್ಕೂ ಜಾಸ್ತಿ ಇದ್ದವು, ಅಂದರೆ ನೂರು ಕೆಜಿ ಮೀರಿದ ಗಾಜು. ಗಾಡಿಯಲ್ಲಿ ಮಲಗಿಸಿ ಪೇರಿಸೋಣ ಅಂತ ಭಾವ ಹಟ ಹಿಡಿದರು. ನಾನು ಒಪ್ಪಲಿಲ್ಲ. ಗಾಜನ್ನು ನಿಲ್ಲಿಸಿಯೇ ಸಾಗಿಸಬೇಕು, ಮಲಗಿಸಿದರೆ ಒಂದು ಹಳ್ಳಕ್ಕೆ ಗಾಡಿ ಇಳಿದರೂ ನಡುವಿಗೆ ಭಾರ ಬಿದ್ದು ಬಿರುಕು ಬಿಡುತ್ತೆ. ನಡುನಡುವೆ ರಟ್ಟು ಇಟ್ಟು, ಹಗ್ಗ ಬಿಗಿದು, ನಿಲ್ಲಿಸಿಕೊಂಡೇ ತಂದೆವು. ಒಂದೂ ಒಡೆಯಲಿಲ್ಲ. ಭಾವ ಒಳ್ಳೆಯ ಮನುಷ್ಯ, ಕರೆದ ತಕ್ಷಣ ಬರುತ್ತಾರೆ, ಮೈ ಬಗ್ಗಿಸಿ ಕೆಲಸ ಮಾಡುತ್ತಾರೆ. ಆದರೆ ಅವರಿಗೆ ಕೆಲಸ ಮುಗಿದರೆ ಸಾಕು, ಹೇಗೆ ಮುಗಿಯಿತು ಅನ್ನೋದು ಬೇಡ.

ಗಾಜು, ಪಟ್ಟಿ ಎಲ್ಲ ಹೋದ ಮೇಲೆ ಕೊನೆಗೆ ಬುಡದ ಚೌಕಟ್ಟನ್ನು ಎತ್ತಿದೆವು. ಒಂದು ಮೂಲೆ ಮಾತ್ರ ಮಣ್ಣಿನಲ್ಲಿ ಹೂತುಕೊಂಡಿತ್ತು. ಕೆಳಗಿದ್ದ ಇಟ್ಟಿಗೆ ಎರಡು ಬೆರಳಿನಷ್ಟು ಕುಸಿದಿತ್ತು. ಆ ಮೂಲೆಯಲ್ಲೇ ಮಳೆನೀರು ಹಿಡಿಯುವ 200 ಲೀಟರಿನ ಡ್ರಮ್ಮು ಇತ್ತು. ನೋಡಿದೆ, ಸುಮ್ನೆ ಮುಂದೆ ಹೋದೆ. ಆಗ ನನಗೆ ಏನೂ ಹೊಳೆಯಲಿಲ್ಲ.

ಇಲ್ಲಿ ನಮ್ಮ ಜಾಗದಲ್ಲಿ ಬುಡ ಹಾಕೋದಕ್ಕೇ ಒಂದಿಡೀ ದಿನ ಕೊಟ್ಟೆ. 8 ಅಡಿ ಉದ್ದ, 6 ಅಡಿ ಅಗಲ. ಈ ಅಳತೆಯಲ್ಲಿ ಒಂದು ಚಂದ ಇದೆ. ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿದರೆ ಸರಿಯಾಗಿ 10 ಅಡಿ ಬರಬೇಕು. 6, 8, 10. ಗಾರೆ ಕೆಲಸದವರು ಗೋಡೆ ಮೂಲೆಮಟ್ಟ ನೋಡೋದಕ್ಕೆ 3, 4, 5 ಹಿಡಿಯುತ್ತಾರಲ್ಲ, ಅದೇ ಲೆಕ್ಕ, ಎರಡು ಪಟ್ಟು. ಮೊದಲ ಸಲ ಒಂದು ಕಡೆ 10 ಅಡಿಗಿಂತ ಒಂದು ಇಂಚು ಜಾಸ್ತಿ, ಇನ್ನೊಂದು ಕಡೆ ಒಂದು ಇಂಚು ಕಮ್ಮಿ. "ಒಂದಿಂಚು ತಾನೇ, ಬಿಡು" ಅಂದರು ಭಾವ. ಬಿಡೋಕಾಗಲ್ಲ. ಚೌಕಟ್ಟು ಸೊಟ್ಟಗಿದ್ದರೂ ಗಾಜು ಚೌಕವಾಗೇ ಇರುತ್ತೆ, ಅದು ಬಗ್ಗಲ್ಲ. ಒಂದು ಮೂಲೆಯಲ್ಲಿ ಸಂದಿ, ಇನ್ನೊಂದು ಮೂಲೆಯಲ್ಲಿ ಒತ್ತಡ. ಆ ಒತ್ತಡ ಮೊದಲ ಬಿಸಿಲಿಗೋ ಮೊದಲ ಗಾಳಿಗೋ ಗಾಜನ್ನು ಸೀಳುತ್ತೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ, ಅಳೆಯುತ್ತಾ, ಮತ್ತೆ ತಟ್ಟುತ್ತಾ ಎರಡೂ ಕಡೆ ಸಮ ಮಾಡಿದೆ. ಆಮೇಲೆ ನಾಲ್ಕೂ ಮೂಲೆಗೆ ರಸಮಟ್ಟ ಇಟ್ಟೆ. ಗುಳ್ಳೆ ನಡುವಿಗೆ ಬಂದು ನಿಂತಾಗ ಆಗುವ ಸಮಾಧಾನವೇ ಬೇರೆ.

ಪಟ್ಟಿ ಜೋಡಿಸೋದು ಅಷ್ಟು ಕಷ್ಟ ಆಗಲಿಲ್ಲ. 6 ಮಿಲಿಮೀಟರ್ ಬೋಲ್ಟು, 10ರ ಸ್ಪ್ಯಾನರ್ ಒಂದಿದ್ದರೆ ಸಾಕು. ಹಳೆಯ ನಟ್ಟುಗಳಲ್ಲಿ ಕಾಲುಭಾಗ ಕಚ್ಚಿಕೊಂಡು ಮುರಿದಿದ್ದವು, ಹೊಸದು ಹಾಕಿದೆ. ಎಲ್ಲವನ್ನೂ ಬೆರಳಲ್ಲಿ ಮಾತ್ರ ಬಿಗಿದು, ಇಡೀ ಚೌಕಟ್ಟು ನಿಂತ ಮೇಲೆ ಇನ್ನೊಮ್ಮೆ ಅಳೆದು, ಆಮೇಲೆ ಸ್ಪ್ಯಾನರ್ ಹಾಕಬೇಕು. ಮೊದಲೇ ಬಿಗಿದರೆ ಸೊಟ್ಟವೂ ಹಾಗೇ ಬಿಗಿದುಕೊಳ್ಳುತ್ತೆ.

ಗಾಜು ಹಾಕುವ ದಿನ ಬೆಳಿಗ್ಗೆ ಎಲೆ ಅಲುಗುತ್ತಿರಲಿಲ್ಲ. ದಪ್ಪ ಗ್ಲೌಸು, ಕಣ್ಣಿಗೆ ಕನ್ನಡಕ. ಹೊಸ ರಬ್ಬರ್ ಬೀಡಿಂಗ್ ಕೂರಿಸಿ, ಕೆಳಗಿನಿಂದ ಮೇಲಕ್ಕೆ ಬಂದೆವು. ಗಾಜನ್ನು ಇಟ್ಟು, ಎರಡೂ ಪಕ್ಕ ಒಂದೊಂದು ಮಿಲಿಮೀಟರ್ ಸಂದಿ ಬಿಟ್ಟು, ಕ್ಲಿಪ್ಪನ್ನು ಹೆಬ್ಬೆರಳಿನಿಂದ ಒತ್ತಬೇಕು. ಟಿಕ್ ಅಂತ ಕೂರುತ್ತೆ. ಆ ಸಂದಿ ಬೇಕೇ ಬೇಕು, ಯಾಕಂದ್ರೆ ಅಲ್ಯೂಮಿನಿಯಂ ಬಿಸಿಗೆ ಗಾಜಿಗಿಂತ ಎರಡು ಪಟ್ಟಿಗೂ ಜಾಸ್ತಿ ಹಿಗ್ಗುತ್ತೆ. ಇಪ್ಪತ್ತು ಗಾಜು ಆಗುವ ಹೊತ್ತಿಗೆ ಹೆಬ್ಬೆರಳಿಗೆ ಜೀವ ಇರಲಿಲ್ಲ. 1851ರಲ್ಲಿ ಲಂಡನ್ನಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಅನ್ನುವ ದೊಡ್ಡ ಗಾಜಿನ ಕಟ್ಟಡ ಕಟ್ಟಿದಾಗ ಸುಮಾರು 3 ಲಕ್ಷ ಗಾಜು ಹಾಕಿದ್ದರು. ಗಾಜು ಹಾಕುವವರಿಗೆ ಅಂತಲೇ ಛಾವಣಿಯ ಮಳೆನೀರಿನ ದೋಣಿಗಳಲ್ಲಿ ಓಡುವ ಚಕ್ರದ ಗಾಡಿ ಮಾಡಿದ್ದರು. ಆಮೇಲೆ ಅದನ್ನೂ ಬಿಚ್ಚಿ, ಬೇರೆ ಜಾಗಕ್ಕೆ ಸಾಗಿಸಿ, ಇನ್ನೂ ದೊಡ್ಡದಾಗಿ ಕಟ್ಟಿ 1854ರಲ್ಲಿ ತೆರೆದರು. ಏಣಿಯ ಮೇಲೆ ನಿಂತಾಗ ಆ ಕೈಗಳ ನೆನಪಾಯಿತು. ವಿನ್ಯಾಸ ಮಾಡಿದ ಪ್ಯಾಕ್ಸ್‌ಟನ್ ಹೆಸರು ಎಲ್ಲರಿಗೂ ಗೊತ್ತು, ಗಾಜು ಕೂರಿಸಿದವರ ಹೆಸರು ಯಾರಿಗೂ ಗೊತ್ತಿಲ್ಲ.

ಮಧ್ಯಾಹ್ನ ಮೂರಕ್ಕೆ ಗಾಳಿ ಎದ್ದಿತು. ಛಾವಣಿಯ ಒಂದು ಇಳಿಜಾರು ಮುಗಿದಿತ್ತು, ಇನ್ನೊಂದು ಬಾಕಿ. ಅರ್ಧ ಗಾಜು ಹಾಕಿ ಬಿಡೋದಕ್ಕಿಂತ ಅಪಾಯ ಇನ್ನೊಂದಿಲ್ಲ. ಗಾಳಿ ತೆರೆದ ಕಡೆಯಿಂದ ನುಗ್ಗಿ, ಹಾಕಿರುವ ಗಾಜನ್ನು ಒಳಗಿನಿಂದ ಮೇಲಕ್ಕೆ ದಬ್ಬುತ್ತೆ. ನಾನು ಹಲಗೆ ಕಟ್ಟೋಣ ಅಂದೆ, ಭಾವ "ಇನ್ನೆರಡು ಹಾಕಿಬಿಡೋಣ" ಅಂದರು, ನಾನು ಒಪ್ಪಿಬಿಟ್ಟೆ. ಭಾವನ ಕೈಯಲ್ಲಿದ್ದ ಗಾಜನ್ನು ಗಾಳಿ ಪಟದ ಹಾಗೆ ಎತ್ತಿತು. ಅವರು ಕೈ ಬಿಟ್ಟರು, ಅದೇ ಸರಿ, ಹಿಡಿದುಕೊಂಡಿದ್ದರೆ ಮಣಿಕಟ್ಟು ಹೋಗುತ್ತಿತ್ತು. ಕೆಳಗೆ ಬಿದ್ದು ಉದ್ದುದ್ದ ಕತ್ತಿಯಂಥ ಚೂರಾಯಿತು. ಕಾಯಿಸಿ ಗಟ್ಟಿ ಮಾಡಿದ ಟಫನ್ಡ್ ಗಾಜಾಗಿದ್ದರೆ ಹರಳಿನ ಹಾಗೆ ಪುಡಿಯಾಗುತ್ತಿತ್ತು. ಈ ಹಳೆಯ ಮಾಮೂಲಿ ಗಾಜು ಹಾಗಲ್ಲ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹಲಗೆ ಕಟ್ಟಿದೆವು.

ಮರುದಿನ ಉಳಿದದ್ದು ಮುಗಿಸಿದೆವು. ಒಡೆದ ಒಂದರ ಜಾಗ ಮಾತ್ರ ಖಾಲಿ. ಬಿಸಿಲಿದ್ದರೂ ಒಳಗೆ ಬಿಸಿ ಹೊರಗಿನಷ್ಟೇ ಇತ್ತು. ಹೊಸ ಗಾಜು ಕತ್ತರಿಸಿ ತಂದು ಕೂರಿಸಿದೆ, ಕಾಲು ಗಂಟೆಯಲ್ಲಿ ಬೆಚ್ಚಗಿನ ಉಸಿರು ಮುಖಕ್ಕೆ ತಾಗಿತು. 1909ರಲ್ಲಿ ರಾಬರ್ಟ್ ವುಡ್ ಅನ್ನುವ ವಿಜ್ಞಾನಿ ಎರಡು ಪೆಟ್ಟಿಗೆ ಮಾಡಿ, ಒಂದಕ್ಕೆ ಗಾಜು, ಇನ್ನೊಂದಕ್ಕೆ ಶಾಖದ ಕಿರಣಗಳನ್ನು ತಡೆಯದ ಕಲ್ಲುಪ್ಪಿನ ಹಲಗೆ ಮುಚ್ಚಿ ಬಿಸಿಲಿಗಿಟ್ಟಿದ್ದ. ಎರಡೂ ಹೆಚ್ಚುಕಮ್ಮಿ ಒಂದೇ ಸಮ ಬಿಸಿಯಾದವು. ಬಿಸಿಗಾಳಿ ಹೊರಗೆ ಹೋಗದ ಹಾಗೆ ಹಿಡಿಯೋದೇ ಹಸಿರುಮನೆಯ ಮುಖ್ಯ ಕೆಲಸ ಅಂತ ಅವನ ಮಾತು. ಆ ಒಂದು ಗಾಜಿನ ಮುಂದೆ ನಿಂತು ಅದನ್ನು ನಾನೇ ಮುಖದ ಮೇಲೆ ನೋಡಿದೆ.

ಕೊನೆಗೆ ಬಾಗಿಲು. ಮೇಲಿನ ಹಳಿಗೆ ಎರಡು ಚಕ್ರದಲ್ಲಿ ನೇತಾಡುವ ಬಾಗಿಲು ಅದು, ಬುಡಕ್ಕೆ ಒಂದು ಕಾಲುವೆಯಂಥ ಪಟ್ಟಿ. ಅಮ್ಮ ಹೇಳಿದ್ದು ನೆನಪಿತ್ತು. ಎರಡೂ ಕೈ ಹಿಡಿಯ ಕೆಳಗೆ ಕೊಟ್ಟು ಎತ್ತಿ ಎಳೆದೆ. ಚಕ್ರ ಹಳಿಯಿಂದ ಹಾರಿ ಬಾಗಿಲು ನನ್ನ ಮೈಮೇಲೇ ಬಂತು. ಮತ್ತೆ ಕೂರಿಸಿದೆ. ಈ ಸಲ ಎತ್ತಲಿಲ್ಲ, ಒಂದು ಬೆರಳಲ್ಲಿ ತಳ್ಳಿದೆ. ಸದ್ದಿಲ್ಲದೆ ಹೋಗಿ ಆ ತುದಿಗೆ ನಿಂತಿತು.

ಆಗ ಹೊಳೆಯಿತು, ಆ ಕುಸಿದ ಇಟ್ಟಿಗೆ. ಡ್ರಮ್ಮು ತುಂಬಿದರೆ 200 ಕೆಜಿ ನೀರು. ತುಂಬಿ ಚೆಲ್ಲಿದಾಗಲೆಲ್ಲ ಅಲ್ಲಿಯ ಮಣ್ಣು ಮೆತ್ತಗಾಗಿದೆ, ಮೂಲೆ ಇಳಿದಿದೆ, ಮುಂಭಾಗ ಓರೆಯಾಗಿದೆ, ಬಾಗಿಲಿನ ಬುಡ ಕಾಲುವೆಗೆ ಉಜ್ಜಿಕೊಂಡಿದೆ. ಬಾಗಿಲಿನಲ್ಲಿ ಯಾವತ್ತೂ ದೋಷ ಇರಲಿಲ್ಲ. ಅವರ ಯಜಮಾನರು ವರ್ಷಗಟ್ಟಲೆ ಎತ್ತಿದರು, ಆಮೇಲೆ ಇವರು ಎತ್ತಿದರು, ಎತ್ತಲಾಗದೆ ಹೋದಾಗ ಗಿಡಗಳು ಒಣಗಿದವು. ಎರಡು ಬೆರಳಿನಷ್ಟು ಕುಸಿದ ಒಂದು ಇಟ್ಟಿಗೆಗೆ.

ಇದನ್ನು ಅವರಿಗೆ ಹೇಳಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. "ಹೇಳ್ಬೇಡ, ಸುಮ್ನೆ ಯಾಕೆ ನೋಯಿಸ್ತೀಯ" ಅಂದರು ಭಾವ. ಈ ವಿಷಯದಲ್ಲಿ ಅವರು ಹೇಳಿದ್ದು ಸರಿ ಅನ್ನಿಸಿತು. ಹೇಳಬಾರದು ಅಂತಲೇ ತೀರ್ಮಾನ ಮಾಡಿದ್ದೆ.

ಭಾನುವಾರ ಅವರೇ ನೋಡಲು ಬಂದರು. ಮಗನೇ ಕರೆದುಕೊಂಡು ಬಂದಿದ್ದರು, ಅದನ್ನೂ ಹೇಳಬೇಕು. ಅಮ್ಮ ಗಾಜನ್ನೆಲ್ಲ ಮುಟ್ಟಿ ನೋಡಿದರು. "ಎಷ್ಟು ಬೆಳಕು ಬರ್ತಿದೆ" ಅಂದರು. ಆಮೇಲೆ ಬಾಗಿಲ ಹತ್ತಿರ ಹೋಗಿ, ಎರಡೂ ಕೈ ಹಿಡಿಯ ಕೆಳಗೆ ಕೊಟ್ಟು, ಮೊಣಕಾಲು ಬಗ್ಗಿಸಿದರು. ಅದೇ ಥರ. ನಾನು ಓಡಿದೆ. "ಎತ್ತೋದು ಬೇಡಮ್ಮ, ಸುಮ್ನೆ ತಳ್ಳಿ ಸಾಕು."

ತಳ್ಳಿದರು. ಹೋಯಿತು. ಎಳೆದರು, ಬಂತು. ಇನ್ನೊಂದು ಸಲ ತಳ್ಳಿದರು.

"ಇಷ್ಟು ಹಗುರ ಇತ್ತಾ ಇದು?"

ಹಗುರ ಆಗಿದೆ ಅಂದಿದ್ದರೆ ನನ್ನ ಕೆಲಸ ಹೊಗಳಿದರು ಅಂದುಕೊಂಡು ಸುಮ್ಮನಾಗುತ್ತಿದ್ದೆ. ಅವರು ಇತ್ತಾ ಅಂದರು. ನಾನು ಹೇಳುವ ಮೊದಲೇ ಅವರಿಗೆ ತಿಳಿದುಹೋಗಿತ್ತು. ಈ ವಾರವೆಲ್ಲ ಮನೆಯಲ್ಲಿ ಓಡಾಡುವಾಗ ಅದೇ ಮಾತು. ನಮ್ಮ ಅಮ್ಮ ಅಡುಗೆಮನೆಯ ಡ್ರಾಯರನ್ನು ಮೊದಲು ಒಳಗೆ ಗುದ್ದಿ ಆಮೇಲೆ ಎಳೆಯುತ್ತಾರೆ. ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ನಾನೂ ಹಾಗೇ ಎಳೆಯುತ್ತೇನೆ. ಮನೆಗೆ ಬಂದವರಿಗೂ ಹಾಗೇ ಹೇಳಿಕೊಡುತ್ತೇವೆ. ಒಂದು ದಿನವೂ ಅದನ್ನು ಪೂರ್ತಿ ಹೊರಗೆ ತೆಗೆದು, ಹಿಂದೆ ಏನಿದೆ ಅಂತ ಕೈ ಹಾಕಿ ನೋಡಿಲ್ಲ. ಕಷ್ಟ ಒಂದು ರೂಢಿಯಾದ ಮೇಲೆ ಅದು ಕಷ್ಟ ಅಂತಲೇ ಅನ್ನಿಸಲ್ಲ, ಆ ವಸ್ತುವಿನ ಸ್ವಭಾವ ಅನ್ನಿಸಿಬಿಡುತ್ತೆ, ಅಲ್ವಾ?

ಭಾನುವಾರ ಆ ಅಮ್ಮ ಸ್ವಲ್ಪ ಹೊತ್ತು ಬಾಗಿಲನ್ನೇ ನೋಡುತ್ತಾ ನಿಂತರು. "ಏನಾಗಿತ್ತಪ್ಪ?" ಅಂದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಡ್ರಮ್ಮಿನ ಮೂಲೆ ಇಳಿದಿತ್ತಮ್ಮ" ಅಂದೆ.

"ಆ ಡ್ರಮ್ಮು ಅಲ್ಲಿ ಇಡಿ ಅಂದವಳು ನಾನೇ" ಅಂದರು. "ಅವರು ಆ ಕಡೆ ಇಡ್ತೀನಿ ಅಂದಿದ್ರು. ನನಗೆ ಅಲ್ಲಿಗೆ ನಡೆಯೋದು ದೂರ ಆಗುತ್ತೆ ಅಂತ ಇಲ್ಲೇ ಇಡಿಸ್ದೆ." ಮಗ ಅವರ ಬೆನ್ನ ಮೇಲೆ ಕೈ ಇಟ್ಟರು. ಅವರು ಅಳಲಿಲ್ಲ. ಒಳಗೆ ಹೋಗಿ, ಖಾಲಿ ಬೆಂಚಿನ ಮೇಲೆ ಕೈಯಾಡಿಸಿ, ಇಲ್ಲಿ ಬಿಸಿಲು ಯಾವಾಗ ಬರುತ್ತೆ, ಏನು ನೆಡುತ್ತೀಯ ಅಂತೆಲ್ಲ ಕೇಳಿದರು. ಹೊರಗೆ ಬಂದು ಬಾಗಿಲು ಮುಚ್ಚಿದರು, ಒಂದೇ ಕೈಯಲ್ಲಿ.

ನಾನೂ ಒಂದು ಡ್ರಮ್ಮು ತಂದಿದ್ದೆ, ಹಿಂದಿನ ಮೂಲೆಗೇ ಇಡಬೇಕು ಅಂತ. ನಿನ್ನೆ ಅದನ್ನು ಬುಡದಿಂದ ಮೂರು ಅಡಿ ದೂರಕ್ಕೆ ಒಯ್ದು, ಕೆಳಗೆ ಕಲ್ಲುಚಪ್ಪಡಿ ಹಾಕಿ, ಚೆಲ್ಲಿದ ನೀರು ಆಚೆ ಹೋಗಲು ಸಣ್ಣ ಕಾಲುವೆ ತೋಡಿದೆ. ಕತ್ತಲಾಗುವ ಮೊದಲು ರಸಮಟ್ಟ ತಂದು ನಾಲ್ಕೂ ಮೂಲೆ ಇನ್ನೊಮ್ಮೆ ನೋಡಿದೆ.