ಕೊನೆ ಸ್ಟಾಪಿನಿಂದ ನಡಿಗೆ

2024 ಆಗಸ್ಟ್ 10, ಶನಿವಾರ, ಬರ್ನ್, ಸ್ವಿಟ್ಜರ್‌ಲ್ಯಾಂಡ್

ಅಮ್ಮ ತೀರ್ಥಹಳ್ಳಿಯಿಂದ ಬಂದು ಮೂರು ವಾರ ಆಯಿತು. ಮೊದಲ ವಾರ ಬಾಲ್ಕನಿಯಲ್ಲಿ ಕೂತು ಟ್ರಾಮ್ ಎಣಿಸಿದಳು. ಎರಡನೇ ವಾರ ಎದುರುಮನೆಯವರು ಟೊಮೆಟೊ ಗಿಡಕ್ಕೆ ನೀರು ಜಾಸ್ತಿ ಹಾಕ್ತಾರೆ ಅಂತ ಕೊರಗಿದಳು. ಮೊನ್ನೆ ನೇರವಾಗಿ ಕೇಳಿಯೇಬಿಟ್ಟಳು. "ಗುಡ್ಡ ಗುಡ್ಡ ಅಂತ ಫೋನಲ್ಲಿ ಕೊರೀತಿದ್ದೆಯಲ್ಲ ಮಾರಾಯ್ತಿ, ಎಲ್ಲಿದೆ?"

ನಮ್ಮವರು ಬಂದರೆ ಸಾಮಾನ್ಯವಾಗಿ ಎಲ್ಲರೂ ಲೌಟರ್‌ಬ್ರುನೆನ್‌ಗೆ ಕರೆದುಕೊಂಡು ಹೋಗುತ್ತಾರೆ. ಜಲಪಾತ ಚೆಂದವೇ, ಇಲ್ಲ ಅನ್ನಲ್ಲ. ಆದರೆ ಆಗಸ್ಟ್‌ನಲ್ಲಿ ಅಲ್ಲಿ ನೀರಿಗಿಂತ ಸೆಲ್ಫಿ ಕೋಲೇ ಜಾಸ್ತಿ. ನನಗೆ ಇಷ್ಟವಾದ ಕಣಿವೆ ಬೇರೆ. ಬೆಟ್ಟಸಾಲಿನ ಆಚೆ ಬದಿಗೆ, ವಾಲಿಸ್ ಪ್ರಾಂತ್ಯದಲ್ಲಿರುವ ಲೋಚೆನ್‌ಟಾಲ್. ಕಾರು ಬೇಡ. ರೈಲು, ಆಮೇಲೆ ಬಸ್ಸು, ಆಮೇಲೆ ಕಾಲು. ಪ್ರವಾಸಿಗರಿಗೆ ಒಂದು ತಿಂಗಳಿಗೆ ಅರ್ಧ ಟಿಕೆಟ್ ಕಾರ್ಡ್ ಸಿಗುತ್ತದೆ, ತೋರಿಸಿದರೆ ಟಿಕೆಟ್ಟಿಗೆ ಅರ್ಧ ದುಡ್ಡು. ಅದನ್ನು ಅಮ್ಮನಿಗೆ ಬಂದ ದಿನವೇ ಮಾಡಿಸಿದ್ದೆ. ಅಲ್ಲಿಂದ ಇಲ್ಲಿಯವರೆಗೆ "ದುಡ್ಡು ಕೊಟ್ಟಾಗಿದೆ, ಉಪಯೋಗಿಸೋದು ಬೇಡ್ವಾ" ಅನ್ನುವುದು ಅವಳ ದಿನದ ಮಂತ್ರ.

ಬರ್ನ್‌ನಿಂದ ಬ್ರಿಗ್ ಕಡೆಗೆ ಎರಡು ಥರದ ರೈಲು ಹೋಗುತ್ತದೆ. ಹೋಗುವವರು ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಹೋದ ವರ್ಷ ನಾನೇ ಬೇಸ್ತು ಬಿದ್ದಿದ್ದೆ. ವೇಗದ ರೈಲು 2007ರಲ್ಲಿ ಶುರುವಾದ ಕೆಳಗಿನ ಸುರಂಗದಲ್ಲಿ ನುಗ್ಗುತ್ತದೆ. ಅದು 34.6 ಕಿಲೋಮೀಟರ್ ಉದ್ದ. ಒಳಗೆ ಹೋದರೆ ಫಿಸ್ಪ್ ಊರು ಬರುವ ತನಕ ಇಳಿಯುವ ಮಾತಿಲ್ಲ. ಕಣಿವೆ ನಿಮ್ಮ ತಲೆಯ ಮೇಲೆಲ್ಲೋ ದಾಟಿಹೋಗಿರುತ್ತದೆ. ನಮಗೆ ಬೇಕಾದದ್ದು ಕಾಂಡರ್‌ಸ್ಟೆಗ್ ಮೇಲೆ ಹೋಗುವ ನಿಧಾನದ ರೈಲು. ಅದು 1913ರ ಹಳೇ ಸುರಂಗದಲ್ಲಿ ಹಾದು ಆಚೆ ತುದಿಯ ಗೊಪ್ಪೆನ್‌ಸ್ಟೈನ್‌ನಲ್ಲಿ ನಿಲ್ಲುತ್ತದೆ.

ಕಾಂಡರ್‌ಸ್ಟೆಗ್‌ಗೆ ಏರುವಾಗ ರೈಲು ಬೆಟ್ಟದೊಳಗೇ ಸುತ್ತು ಹೊಡೆಯುತ್ತದೆ. ಎಡಗಡೆ ಇದ್ದ ಹೊಳೆ ಬಲಗಡೆಗೆ ಬಂದದ್ದನ್ನು ಅಮ್ಮ ಕೂಡಲೇ ಹಿಡಿದಳು. "ನಮ್ಮ ಸಕಲೇಶಪುರ ಘಾಟಿ ಥರಾನೇ. ಅಲ್ಲಿ ಹಸಿರು ಜಾಸ್ತಿ, ಅಷ್ಟೇ." ಇಂಥ ವಿಷಯದಲ್ಲಿ ಊರನ್ನು ಬಿಟ್ಟುಕೊಡುವವಳಲ್ಲ.

ಗೊಪ್ಪೆನ್‌ಸ್ಟೈನ್ ಊರಲ್ಲ. ಬಂಡೆಗಳ ಮಧ್ಯೆ ಸಿಕ್ಕಿಕೊಂಡ ಒಂದು ಸ್ಟೇಷನ್. ಕಾರುಗಳನ್ನು ಗೂಡ್ಸ್ ಬಂಡಿಗೆ ಹತ್ತಿಸಿ ಸುರಂಗದ ಆಚೆಗೆ ಸಾಗಿಸುವ ರೈಲು ಇಲ್ಲಿಂದಲೇ ಹೊರಡುತ್ತದೆ. ಕಾರಿನವರು ಇಳಿಯುವುದಿಲ್ಲ. ಸೀಟ್ ಬೆಲ್ಟ್ ಹಾಕಿಕೊಂಡು ಸ್ಟಿಯರಿಂಗ್ ಹಿಂದೆ ಸುಮ್ನೆ ಕೂತಿರುತ್ತಾರೆ. ಅಮ್ಮ ನಿಂತು ಎಷ್ಟೋ ಹೊತ್ತು ನೋಡಿದಳು. "ಕಾರು ಇದ್ದೂ ರೈಲಲ್ಲಿ ಹೋಗೋದಾದ್ರೆ ಕಾರು ಯಾಕೆ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಸ್ಟೇಷನ್ ಎದುರಿಗೇ ಹಳದಿ ಪೋಸ್ಟ್ ಬಸ್ಸು ಕಾಯುತ್ತಿತ್ತು. ಫೆರ್ಡೆನ್, ಕಿಪ್ಪೆಲ್, ವೀಲರ್, ಬ್ಲಾಟೆನ್, ಒಂದಾದ ಮೇಲೊಂದು ಊರು. ತಿರುವಿನಲ್ಲಿ ಡ್ರೈವರ್ ಮೂರು ಸ್ವರದ ಹಾರ್ನ್ ಬಾರಿಸಿದರು. ಅಮ್ಮ ಕಿಟಕಿಗೆ ಮುಖ ಅಂಟಿಸಿಕೊಂಡು ಕೂತಿದ್ದಳು. ಕೆಲವು ಮನೆಗಳ ಗೋಡೆ ಮೇಲೆ ಹಲ್ಲು ಕಿರಿದ ಮರದ ಮುಖವಾಡ ತೂಗುಹಾಕಿದ್ದಾರೆ. ಚಳಿಗಾಲದ ಕೊನೆಗೆ, ಫೆಬ್ರವರಿ ಹೊತ್ತಿಗೆ, ಇದನ್ನು ತೊಟ್ಟು ಕುರಿ ಚರ್ಮ ಹೊದ್ದು ಸೊಂಟಕ್ಕೆ ದನದ ಗಂಟೆ ಕಟ್ಟಿಕೊಂಡು ಬೀದಿಯಲ್ಲಿ ಜನರನ್ನು ಹೆದರಿಸುತ್ತಾರೆ. ಚೆಗೆಟ್ಟೆ ಅಂತ ಹೆಸರು. ನಾನು ಇದನ್ನೆಲ್ಲ ವಿವರಿಸಿ ಮುಗಿಸುವಷ್ಟರಲ್ಲಿ ಅಮ್ಮ ತೀರ್ಮಾನ ಮಾಡಿಯಾಗಿತ್ತು. "ದೃಷ್ಟಿಬೊಂಬೆ."

ಬಸ್ಸಿನ ಕೊನೆ ಸ್ಟಾಪ್ ಫಾಫ್ಲರ್‌ಆಲ್ಪ್. ರಸ್ತೆಯೂ ಅಲ್ಲಿಗೇ ಮುಗಿಯುತ್ತದೆ. ಎದುರಿಗೆ ಕಣಿವೆಯ ತುದಿ, ಅದರಾಚೆ ಹಿಮನದಿ. ನೀರು ಹಾಲು ಬೆರೆಸಿದ ಹಾಗೆ ಬೂದುಬಿಳಿ. ಹೊಳೆಯ ಹೆಸರು ಲೋನ್ಝಾ. ಔಷಧಿ ತಯಾರಿಸುವ ದೊಡ್ಡ ಕಂಪನಿಯೊಂದಕ್ಕೆ ಅದೇ ಹೆಸರು, ಈ ಹೊಳೆಯಿಂದಲೇ ಬಂದದ್ದು. ಕೋವಿಡ್ ಹೊತ್ತಲ್ಲಿ ಪೇಪರಿನಲ್ಲಿ ಓದಿದ ಹೆಸರು ಇಲ್ಲಿ ಕಲ್ಲಿನ ಮೇಲೆ ಹಾರಿ ಹಾರಿ ಹರಿಯುತ್ತಿದೆ.

ಬಸ್ಸಲ್ಲಿ ಬಂದು ನಡೆಯುವುದರಲ್ಲಿ ಒಂದು ಸುಖ ಇದೆ, ಕಾರಿನವರಿಗೆ ಅದು ಸಿಗುವುದಿಲ್ಲ. ಕಾರಿನವರು ಎಲ್ಲಿ ಹೊರಟರೋ ಅಲ್ಲಿಗೇ ವಾಪಸ್ ಬರಬೇಕು. ಪಾರ್ಕಿಂಗಿಗೆ ಹಗ್ಗ ಕಟ್ಟಿದ ಹಾಗೆ. ನಮಗೆ ಆ ಕಟ್ಟು ಇಲ್ಲ. ಒಂದು ಸ್ಟಾಪಲ್ಲಿ ಇಳಿ, ಇನ್ನೊಂದರಲ್ಲಿ ಹತ್ತು. ಮಧ್ಯದಲ್ಲಿ ಮನಸ್ಸು ಬದಲಾದರೆ ಕೆಳಗೆ ಇಳಿದುಬಿಡು, ಯಾವುದೋ ಒಂದು ಸ್ಟಾಪ್ ಸಿಕ್ಕೇ ಸಿಗುತ್ತದೆ. ಇವತ್ತು ನಮ್ಮನ್ನು ಕಾಪಾಡಿದ್ದೇ ಇದು.

ನನ್ನ ಲೆಕ್ಕ ಹೀಗಿತ್ತು. ಫಾಫ್ಲರ್‌ಆಲ್ಪ್‌ನಿಂದ ಬಿಸಿಲು ಬೀಳುವ ಬದಿಯ ಮೇಲ್ದಾರಿ ಹಿಡಿದು ಲೌಖರ್ನ್‌ಆಲ್ಪ್‌ವರೆಗೆ ಹೋಗುವುದು. ಮೂರು ಗಂಟೆ ಚಿಲ್ಲರೆ. ಅಲ್ಲಿಂದ ಕೇಬಲ್ ಕಾರಲ್ಲಿ ವೀಲರ್‌ಗೆ ಇಳಿದು ಬಸ್ಸು. ಇಲ್ಲಿನ ಹಳದಿ ಕೈಕಂಬಗಳಲ್ಲಿ ಕಿಲೋಮೀಟರ್ ಬರೆದಿರುವುದಿಲ್ಲ, ಗಂಟೆ ಬರೆದಿರುತ್ತಾರೆ. ಸಮತಟ್ಟು ನೆಲದಲ್ಲಿ ಗಂಟೆಗೆ 4.2 ಕಿಲೋಮೀಟರ್ ಅಂತ ಅವರ ಲೆಕ್ಕ. ಏರು ಇಳಿವು ಸೇರಿಸುತ್ತಾರೆ, ಕೂತು ಚಿತ್ರಾನ್ನ ತಿನ್ನುವ ಹೊತ್ತು ಸೇರಿಸುವುದಿಲ್ಲ. ನಾನು ಯಾವಾಗಲೂ ಒಂದೂವರೆ ಪಟ್ಟು ಹಿಡಿಯುತ್ತೇನೆ. ಕಾಲುದಾರಿಯ ಬಗ್ಗೆ ಇವರದು ಹುಡುಗಾಟ ಅಲ್ಲ ಬಿಡಿ. 1979ರಲ್ಲಿ ದೇಶದ ಜನ ಓಟು ಹಾಕಿ ಅದನ್ನು ಸಂವಿಧಾನಕ್ಕೇ ಸೇರಿಸಿದ್ದಾರೆ. ಈಗ ದೇಶದಲ್ಲಿ ಗುರುತು ಹಾಕಿದ ದಾರಿ ಸುಮಾರು 65,000 ಕಿಲೋಮೀಟರ್. ಬರೀ ಹಳದಿ ಗುರುತಾದರೆ ಯಾರು ಬೇಕಾದರೂ ನಡೆಯಬಹುದು. ಬಿಳಿ-ಕೆಂಪು-ಬಿಳಿ ಪಟ್ಟೆ ಇದ್ದರೆ ಬೆಟ್ಟದ ದಾರಿ, ಗಟ್ಟಿ ಶೂ ಬೇಕು.

ಗಟ್ಟಿ ಶೂ. ಅಲ್ಲೇ ಎಡವಟ್ಟಾದದ್ದು.

ಶ್ವಾರ್ಟ್ಸ್‌ಸೇ ಅನ್ನುವ ಪುಟ್ಟ ಕೆರೆಯವರೆಗೂ ಎಲ್ಲ ಸರಿ ಇತ್ತು. ಕೆರೆಯಲ್ಲಿ ಬೆಟ್ಟ ತಲೆಕೆಳಗಾಗಿ ನಿಂತಿತ್ತು. ದಾರಿಬದಿಯಲ್ಲಿ ಕಾಡು ಬ್ಲೂಬೆರಿ. ಅಮ್ಮ ಒಂದು ಕಿತ್ತು ಮೂಸಿ, ಅರ್ಧ ಕಚ್ಚಿ, ಸ್ವಲ್ಪ ಕಾದು, ಆಮೇಲೆ ಶುರು ಹಚ್ಚಿಕೊಂಡಳು. ನಾಲಿಗೆಯೆಲ್ಲ ನೇರಳೆ. ಟೆಲ್ಲಿಆಲ್ಪ್ ದಾಟಿ ಸ್ವಲ್ಪ ದೂರ ಹೋಗಿರಬೇಕು, ಬಲಗಾಲಲ್ಲಿ ಪಟಪಟ ಸದ್ದು. ನೋಡಿದರೆ ನನ್ನ ಶೂವಿನ ಅಟ್ಟೆ ಹಿಮ್ಮಡಿಯಿಂದ ಬಾಯಿಬಿಟ್ಟಿದೆ. ಬೆಲೆ ಬಾಳುವ ಶೂ ಅಂತ ಆರು ವರ್ಷ ಬೀರುವಿನಲ್ಲಿ ಜೋಪಾನ ಮಾಡಿದ್ದೆ. ಮಾಡಬಾರದಿತ್ತು. ಅಟ್ಟೆಯ ನಡುವಿನ ಮೆತ್ತನೆ ಪದರ ಇಟ್ಟಲ್ಲೇ ಗಾಳಿಯ ತೇವಕ್ಕೆ ಹಳಸಿ ಪುಡಿಯಾಗುತ್ತದಂತೆ. ಹಾಕಿ ಸವೆಸಿದ್ದರೂ ಸಾರ್ಥಕವಾಗುತ್ತಿತ್ತು. ಕೈಗೆ ಬಂದದ್ದು ಒಣಗಿದ ಬ್ರೆಡ್ಡಿನ ಚೂರಿನಂಥ ಪುಡಿ.

ಅಮ್ಮನ ಕಾಲಲ್ಲಿ ಶಿವಮೊಗ್ಗದಲ್ಲಿ ಕೊಂಡ ಕ್ಯಾನ್ವಾಸ್ ಶೂ. ಬೆಳಗ್ಗೆ ಅದನ್ನು ನೋಡಿ ನಾನು ಉಪದೇಶ ಮಾಡಿದ್ದೆ. ಈಗ ಅವಳು ಏನೂ ಅನ್ನಲಿಲ್ಲ. ಅದೇ ಕಷ್ಟ. ಬಟ್ಟೆ ಚೀಲದ ಬಾಯಿಯಿಂದ ಲಾಡಿ ಎಳೆದು ತೆಗೆದಳು. ನನ್ನ ಕಾಲನ್ನು ತನ್ನ ಮೊಣಕಾಲ ಮೇಲೆ ಇಟ್ಟುಕೊಂಡಳು. ಲಾಡಿಯನ್ನು ಅಟ್ಟೆಯ ಕೆಳಗಿಂದ ತಂದು, ಪಾದದ ಮೇಲೆ ಅಡ್ಡ ಹಾಕಿ, ಹಿಮ್ಮಡಿ ಹಿಂದೆ ಸುತ್ತಿ, ಮತ್ತೆ ಮುಂದೆ ತಂದು ಎಳೆದಳು. ಹುಲ್ಲಿನ ಹೊರೆಗೆ ಹಾಕುವ ಗಂಟು. "ಇದು ಬಿಚ್ಚಿದ್ರೆ ಹೇಳು." ಬಿಚ್ಚಲಿಲ್ಲ.

ಆದರೂ ಲೌಖರ್ನ್‌ಆಲ್ಪ್ ಆಸೆ ಬಿಟ್ಟೆ. ಮುಂದೆ ಸಿಕ್ಕ ಕೈಕಂಬದಲ್ಲಿ ಬ್ಲಾಟೆನ್ ಅಂತ ಕೆಳಗೆ ತೋರಿಸುವ ಹಲಗೆ ಇತ್ತು. ಇಳಿಯುವ ಮೊದಲು ಅಲ್ಲೇ ಹುಲ್ಲಿನ ಮೇಲೆ ಕೂತು ಚಿತ್ರಾನ್ನ ಮುಗಿಸಿದೆವು. ನೇರ ಎದುರಿಗೆ ಬೀಚ್‌ಹಾರ್ನ್, 3,934 ಮೀಟರ್. ಅದರ ಮೈಯಲ್ಲಿ ಅಲ್ಲಲ್ಲಿ ನೇತುಬಿದ್ದ ಹಿಮನದಿಗಳು. ಊರಿನ ನೇರ ಮೇಲಿರುವ ಒಂದನ್ನು ಅಮ್ಮ ಬೆರಳು ಮಾಡಿ ತೋರಿಸಿದಳು. "ಅದೊಂದು ಯಾಕೆ ಅಷ್ಟು ಮಣ್ಣು ಮಣ್ಣು?" ಮ್ಯಾಪಲ್ಲಿ ನೋಡಿ ಹೆಸರು ಹೇಳಿದೆ, ಬಿರ್ಖ್. ಮೇಲಿನ ಬಂಡೆಯಿಂದ ಕಲ್ಲು ಉದುರಿ ಮುಚ್ಚಿರುತ್ತದೆ ಅಂದೆ. ಅಮ್ಮ ಆಗಲೇ ಮಜ್ಜಿಗೆ ಮೆಣಸು ಹುಡುಕುತ್ತಿದ್ದಳು.

ವೈಸೆನ್‌ರೀಡ್ ಎಂಬ ನಾಲ್ಕು ಮನೆಯ ಹಳ್ಳಿ ದಾಟಿ ಬ್ಲಾಟೆನ್‌ಗೆ ಇಳಿದಾಗ ಬಸ್ಸಿಗೆ ಇಪ್ಪತ್ತೈದು ನಿಮಿಷ ಇತ್ತು. ಬಿಸಿಲಿಗೆ ಸುಟ್ಟು ಕಪ್ಪಾದ ಮರದ ಮನೆಗಳು, ಕಿಟಕಿಗೆ ಕೆಂಪು ಹೂವಿನ ಕುಂಡ. ಮರದ ತೊಟ್ಟಿಗೆ ಬೀಳುತ್ತಿದ್ದ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದೆವು. ಹಲ್ಲು ಜುಮ್ಮೆಂದಿತು. ಅಮ್ಮ ಒಂದು ಹಳೇ ಕಣಜದ ಹತ್ತಿರ ನಿಂತುಬಿಟ್ಟಳು. ಕಣಜ ನೆಲದ ಮೇಲಿಲ್ಲ, ಗಿಡ್ಡ ಕಂಬಗಳ ಮೇಲಿದೆ. ಪ್ರತಿ ಕಂಬದ ತಲೆಗೂ ರೊಟ್ಟಿಯಂಥ ಅಗಲ ಕಲ್ಲು, ಅದರ ಮೇಲೆ ಮನೆ. ನಾನು ಬಾಯಿ ತೆರೆಯುವ ಮೊದಲೇ ಹೇಳಿದಳು. "ಇಲಿಗೆ. ಕಂಬ ಹತ್ತಬಹುದು, ಕಲ್ಲಿನ ಅಂಚು ದಾಟಕ್ಕೆ ಆಗಲ್ಲ." ಕಲ್ಲಿನ ಅಡಿಗೆ ಕೈ ಹಾಕಿ ಸವರಿ ನೋಡಿದಳು. "ನಿಮ್ಮ ಅಜ್ಜ ಇದನ್ನು ನೋಡಬೇಕಿತ್ತು. ಜೀವಮಾನ ಇಲಿ ಜೊತೆ ಜಗಳ ಆಡಿ ಸೋತರು."

ಬಸ್ಸು ಹೇಳಿದ ನಿಮಿಷಕ್ಕೆ ಬಂತು. ಲಾಡಿ ಕಟ್ಟಿದ ಶೂ ನೋಡಿ ಡ್ರೈವರ್ ಹೆಬ್ಬೆರಳು ಎತ್ತಿದರು. ಅಮ್ಮ ಅದನ್ನು ತನಗೆ ಬಂದ ಪ್ರಶಸ್ತಿ ಅಂತ ತೆಗೆದುಕೊಂಡಳು. ರೈಲು ಹತ್ತಿದ ಮೇಲೆ ನಿದ್ದೆ.

ಶೂ ಕಸಕ್ಕೆ ಹಾಕಿದೆ. ಲಾಡಿ ತೊಳೆದು ಒಣಗಿಸಿದ್ದೇನೆ.

2025 ಮೇ 29, ಗುರುವಾರ, ಬರ್ನ್

ನಿನ್ನೆ ಮಧ್ಯಾಹ್ನ ಬಿರ್ಖ್ ಹಿಮನದಿ ಪೂರ್ತಿಯಾಗಿ ಕುಸಿದು ಬಿತ್ತು. ಮೇಲಿನ ಶಿಖರದಿಂದ ದಿನಗಟ್ಟಲೆ ಬಂಡೆ ಉದುರಿ ಅದರ ಮೇಲೆ ಹೇರಿಕೊಂಡಿತ್ತು. ಭಾರ ತಡೆಯಲಿಲ್ಲ. ಬ್ಲಾಟೆನ್‌ನ ಹೆಚ್ಚುಕಡಿಮೆ ನೂರಕ್ಕೆ ತೊಂಬತ್ತು ಭಾಗ ಮಣ್ಣು, ಮಂಜು, ಕಲ್ಲಿನಡಿ. ಲೋನ್ಝಾ ಹೊಳೆಯ ದಾರಿ ಮುಚ್ಚಿಹೋಗಿ, ಉಳಿದ ಮನೆಗಳಿಗೂ ನೀರು ಏರುತ್ತಿದೆ. ಟಿವಿಯಲ್ಲಿ ಕಂದು ನೀರಿನ ಮೇಲೆ ಚಾವಣಿಗಳು ಮಾತ್ರ.

ಅಮ್ಮನ ಫೋನು ಬಂತು. ಊರಿನ ವಾಟ್ಸ್ಯಾಪ್ ಗುಂಪಿನಲ್ಲಿ ವಿಡಿಯೋ ಬಂದಿತ್ತಂತೆ.

"ಅದೇ ಅಲ್ವನೇ? ನಾವು ನೀರು ಕುಡಿದದ್ದು?"

ಹೌದು ಅಂದೆ.

"ಜನ?"

ಒಂಬತ್ತು ದಿನ ಮೊದಲೇ, 19ನೇ ತಾರೀಕೇ, ಸುಮಾರು ಮುನ್ನೂರು ಜನರನ್ನೂ ಹೊರಗೆ ಕಳಿಸಿದ್ದರು ಅಂತ ಹೇಳಿದೆ. ಒಬ್ಬರು ಮಾತ್ರ ಕಾಣೆಯಾಗಿದ್ದಾರೆ, ಅರವತ್ತನಾಲ್ಕು ವರ್ಷದವರು.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹಿಂದೆ ಅವಳ ಕುಕ್ಕರ್ ಕೂಗಿತು.

"ದನಗಳು?"

ಅವನ್ನೂ ಸಾಗಿಸಿದ್ದಾರೆ, ಕಾಲಿಗೆ ಪೆಟ್ಟಾದ ಒಂದನ್ನು ಹೆಲಿಕಾಪ್ಟರಿಗೆ ಕಟ್ಟಿ ಎತ್ತಿದರು ಅಂದೆ.

"ಹೆಲಿಕಾಪ್ಟರಿಗಾ?" ಅಂದಳು. "ಪಾಪ, ಎಷ್ಟು ಹೆದರಿತ್ತೇನೋ."