ನರ್ಸಿಂಗ್ ಸ್ಕಾಲರ್‌ಶಿಪ್: ಸೀಟು ಹಿಡಿಯುವಾಗಲೇ ಮುಗಿದುಹೋಗುವ ಲೆಕ್ಕ

ಸೆಕೆಂಡ್ ಪಿಯುಸಿ ಫಲಿತಾಂಶ ಬಂದ ಮೇಲೆ "ನರ್ಸಿಂಗ್‌ಗೆ ಯಾವ ಸ್ಕಾಲರ್‌ಶಿಪ್ ಇದೆ?" ಎಂದು ಹುಡುಕಲು ಹೊರಟರೆ ಅರ್ಧ ಬಾಗಿಲು ಆಗಲೇ ಹಾಕಿರುತ್ತದೆ. ಕರ್ನಾಟಕದಲ್ಲಿ ಬಿಎಸ್ಸಿ ನರ್ಸಿಂಗ್‌ನ ಸರ್ಕಾರಿ ಕೋಟಾ ಸೀಟುಗಳನ್ನು ಈಗ ಹಂಚುವುದು ಪರೀಕ್ಷಾ ಪ್ರಾಧಿಕಾರ, ಎಲ್ಲರ ಬಾಯಲ್ಲಿ ಕೆಇಎ. ಆ ಸೀಟು ಬೇಕಿದ್ದರೆ ಸಿಇಟಿ ಅರ್ಜಿ ಹಾಕಿರಬೇಕು. ಅರ್ಜಿ ಬಿಡುವುದು ಸಾಮಾನ್ಯವಾಗಿ ಜನವರಿ, ಫೆಬ್ರವರಿಯಲ್ಲಿ. "ನಮ್ಮ ಹುಡುಗಿಗೆ ಇಂಜಿನಿಯರಿಂಗ್ ಬೇಡ, ಸಿಇಟಿ ಯಾಕೆ ಬರೀಬೇಕು" ಅಂದುಕೊಂಡು ಬಿಟ್ಟ ಮನೆಯವರೇ ಜುಲೈಯಲ್ಲಿ ಏಜೆಂಟನ ಫೋನ್ ನಂಬರ್ ಹಿಡಿದು ನಿಂತಿರುತ್ತಾರೆ.

ಏಜೆಂಟ್ ಹೇಳುವ ಮಾತು ಒಂದೇ. "ಎಸ್‌ಸಿ, ಎಸ್‌ಟಿ ಆದರೆ ಫೀಸು ಫ್ರೀ, ಸ್ಕಾಲರ್‌ಶಿಪ್ಪಲ್ಲೇ ಮುಗಿಯುತ್ತೆ." ಅವನು ಕೊಡಿಸುವುದು ಮ್ಯಾನೇಜ್‌ಮೆಂಟ್ ಸೀಟು. ಎಸ್‌ಸಿ ವಿದ್ಯಾರ್ಥಿಗಳ ಕೇಂದ್ರ ಪುರಸ್ಕೃತ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ನಿಯಮ ಬೇರೆಯೇ ಹೇಳುತ್ತದೆ: ಅರ್ಹತೆ ನೋಡಿ ಪಾರದರ್ಶಕವಾಗಿ ಸೀಟು ಹಂಚುವ ಪ್ರಕ್ರಿಯೆಯಲ್ಲಿ ಬಾರದೆ, ಮ್ಯಾನೇಜ್‌ಮೆಂಟ್ ಕೋಟಾ ಅಥವಾ ಸ್ಪಾಟ್ ಅಡ್ಮಿಷನ್‌ನಲ್ಲಿ ಸೇರಿದವರು ಶುಲ್ಕ ಮರುಪಾವತಿಗೆ ಕೈಚಾಚುವಂತಿಲ್ಲ. ಮೊದಲ ವರ್ಷ ಇದು ಯಾರಿಗೂ ಗೊತ್ತಾಗುವುದಿಲ್ಲ. ಎರಡನೇ ವರ್ಷ ಹಾಲ್ ಟಿಕೆಟ್ ಕೊಡುವ ಹೊತ್ತಿಗೆ ಕಾಲೇಜು ಬಾಕಿ ಲೆಕ್ಕ ತೆಗೆಯುತ್ತದೆ. ಏಜೆಂಟ್ ಆಗ ಫೋನ್ ಎತ್ತುವುದಿಲ್ಲ.

ಹಾಗಾಗಿ ದುಡ್ಡು ಕಟ್ಟುವ ಮುಂಚೆ ಎರಡು ಕಾಗದ ಕೇಳಿ. ಒಂದು, ಸೀಟು ಯಾವ ಕೋಟಾದ್ದು ಎಂದು ಬರೆದ ಹಂಚಿಕೆ ಪತ್ರ. ಇನ್ನೊಂದು, ಬಿಡಿಬಿಡಿಯಾಗಿ ಬರೆದ ಶುಲ್ಕದ ಪಟ್ಟಿ. ಅದನ್ನು ಹಿಡಿದು ತಾಲ್ಲೂಕು ಸಮಾಜ ಕಲ್ಯಾಣ ಕಚೇರಿಗೆ ಹೋಗಿ, ಈ ಕಾಲೇಜಿನ ಈ ಸೀಟಿಗೆ ಎಷ್ಟು ಬರುತ್ತದೆ ಎಂದು ನೇರವಾಗಿ ಕೇಳಬಹುದು. ಹಿಂದುಳಿದ ವರ್ಗದವರಾದರೆ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಕಚೇರಿ. ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ ಸೇರುವವರು ಈ ಓಡಾಟವನ್ನು ತಪ್ಪಿಸಲೇಬಾರದು. ಅದಕ್ಕೆ ಆರ್ಟ್ಸ್, ಕಾಮರ್ಸ್ ಓದಿದವರೂ ಬರಬಹುದು, ಖಾಸಗಿ ಶಾಲೆಗಳು ನೇರವಾಗಿಯೇ ಸೇರಿಸಿಕೊಳ್ಳುತ್ತವೆ, ಏಜೆಂಟರ ದಂಧೆಯೂ ಅಲ್ಲಿಯೇ ಜೋರು.

ಸಿಇಟಿ ಅರ್ಜಿಯಲ್ಲೇ ಇನ್ನೊಂದು ವಿಷಯ ಇದೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ 15% ಗ್ರಾಮೀಣ ಮೀಸಲು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5%. ಇವುಗಳ ಪ್ರಮಾಣಪತ್ರಕ್ಕೆ ಹಳೇ ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಬೇಸಿಗೆ ರಜೆಯಲ್ಲಿ ಮೇಷ್ಟ್ರು ಸಿಗುವುದಿಲ್ಲ. ಮಾರ್ಚ್‌ಗೆ ಮುಂಚೆಯೇ ಮಾಡಿಸಿಡಿ.

ಇನ್ನು ದುಡ್ಡಿನ ಲೆಕ್ಕ. ಎಸ್‌ಸಿ, ಎಸ್‌ಟಿ ಮೆಟ್ರಿಕ್ ನಂತರದ ಕೇಂದ್ರ ಯೋಜನೆಗಳಲ್ಲಿ ಪೋಷಕರ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂಪಾಯಿ. ಎಸ್‌ಸಿ ಯೋಜನೆಯ 2021ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಕೋರ್ಸುಗಳು ನಾಲ್ಕು ಗುಂಪು, ನರ್ಸಿಂಗ್ ಇರುವುದು ಎರಡನೆಯದರಲ್ಲಿ. ಹಾಸ್ಟೆಲ್‌ನಲ್ಲಿ ಇರುವವರಿಗೆ ವರ್ಷಕ್ಕೆ 9,500 ರೂಪಾಯಿ, ಮನೆಯಿಂದ ಹೋಗಿ ಬರುವವರಿಗೆ 6,500 ರೂಪಾಯಿ ಭತ್ಯೆ. ಅಂಗವಿಕಲರಿಗೆ ಇದರ ಮೇಲೆ 10% ಹೆಚ್ಚು. ಶುಲ್ಕ ಬೇರೆ ಬರುತ್ತದೆ. ಆದರೆ ಶುಲ್ಕ ಎಂದರೆ ಕಡ್ಡಾಯವಾದ, ವಾಪಸ್ ಬಾರದ ಶುಲ್ಕ ಮಾತ್ರ. ಕಾಷನ್ ಡಿಪಾಸಿಟ್ ಸೇರುವುದಿಲ್ಲ. ಯೂನಿಫಾರ್ಮ್, ಬಿಳಿ ಶೂ, ಸ್ಟೆತಸ್ಕೋಪ್, ಆಸ್ಪತ್ರೆ ಪೋಸ್ಟಿಂಗ್‌ಗೆ ಓಡಾಡುವ ಬಸ್ ಖರ್ಚು ಇವೆಲ್ಲ ಮನೆಯ ಕೈಯಿಂದಲೇ. ಅದಕ್ಕೇ ಶುಲ್ಕದ ಪಟ್ಟಿ ಬಿಡಿಬಿಡಿಯಾಗಿರಲಿ ಎಂದದ್ದು. "ಇತರೆ" ಎಂಬ ಒಂದೇ ಸಾಲಿನಲ್ಲಿ ದೊಡ್ಡ ಮೊತ್ತ ಬರೆದುಕೊಡುವ ರಸೀದಿಯಿಂದ ಏನೂ ಹುಟ್ಟುವುದಿಲ್ಲ.

ಎಸ್‌ಸಿ ಯೋಜನೆಯಲ್ಲಿ ಕೇಂದ್ರದ ಪಾಲು 60%, ರಾಜ್ಯದ್ದು 40%. ರಾಜ್ಯ ಮೊದಲು ತನ್ನ ಪಾಲು ಹಾಕಬೇಕು, ಆಮೇಲೆ ಕೇಂದ್ರದ ಪಾಲು ನೇರವಾಗಿ ವಿದ್ಯಾರ್ಥಿಯ ಖಾತೆಗೆ ಬರುತ್ತದೆ. ಎರಡು ಕಂತು, ಎರಡು ಬೇರೆ ಸಮಯ. ಇದು ಗೊತ್ತಿಲ್ಲದೆ "ನನಗೆ ಕಡಿಮೆ ಬಂತು" ಎಂದು ಕಚೇರಿಗೆ ಅಲೆಯುವವರು ಬಹಳ. ಇನ್ನೂ ದೊಡ್ಡ ಎಡವಟ್ಟು ಎಂದರೆ, ಬಂದ ಮೊತ್ತದಲ್ಲಿ ಕಾಲೇಜಿನ ಶುಲ್ಕವೂ ಸೇರಿರುತ್ತದೆ ಎಂಬುದು ಮನೆಯಲ್ಲಿ ಯಾರಿಗೂ ತಿಳಿದಿರುವುದಿಲ್ಲ. ಖಾತೆಗೆ ದುಡ್ಡು ಬಿದ್ದ ವಾರವೇ ಸಾಲ ತೀರಿಸಿಯೋ, ಬೋರ್‌ವೆಲ್ಲಿಗೆ ಕೊಟ್ಟೋ ಮುಗಿಸಿರುತ್ತಾರೆ. ಮೆಸೇಜ್ ಬಂದ ದಿನವೇ ಶುಲ್ಕದ ಭಾಗವನ್ನು ಕಾಲೇಜಿಗೆ ಕಟ್ಟಿ ರಸೀದಿ ತೆಗೆದುಕೊಳ್ಳುವುದು ಒಳ್ಳೆಯದು.

ಹಿಂದುಳಿದ ವರ್ಗಗಳವರಿಗೆ ಪ್ರವರ್ಗ-1, 2ಎ, 3ಎ, 3ಬಿ ಎಂದು ಬೇರೆ ಬೇರೆ ಆದಾಯ ಮಿತಿ. ಮಿತಿಯನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ಓದಿಕೊಳ್ಳಿ. ಸರ್ಕಾರಿ ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ ಇದೆ: ಊಟ, ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು, ಒಟ್ಟು 15,000. ಹಾಸ್ಟೆಲ್ಲೂ ಬೇಕು, ವಿದ್ಯಾಸಿರಿಯೂ ಬೇಕು ಎಂದರೆ ಆಗುವುದಿಲ್ಲ. ಅಲ್ಲಿ ಕೊಡುವ ಊಟದ ಬೆಲೆ ನೋಡಿದರೆ ಹಾಸ್ಟೆಲ್ ಸೀಟೇ ಮೇಲು, ಸಿಕ್ಕರೆ ಬಿಡಬೇಡಿ.

ಈ ಎಲ್ಲದಕ್ಕೂ ಬಾಗಿಲು ಒಂದೇ, ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ, ಎಲ್ಲರೂ ಎಸ್‌ಎಸ್‌ಪಿ ಎನ್ನುವುದು ಅದಕ್ಕೇ. ವಿದ್ಯಾರ್ಥಿಯ ಆಧಾರ್‌ನಿಂದ ಖಾತೆ ತೆರೆಯಬೇಕು, ಪೋಷಕರ ಆಧಾರ್ ನಂಬರೂ ಬೇಕು. ಜಾತಿ, ಆದಾಯ ಪ್ರಮಾಣಪತ್ರದ ಪ್ರತಿ ಸ್ಕ್ಯಾನ್ ಮಾಡುವ ಕಾಲ ಹೋಯಿತು. ನಾಡಕಚೇರಿಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಹಾಕಿದರೆ ವಿವರ ತಾನೇ ಬರುತ್ತದೆ. ಬರದಿದ್ದರೆ ಕಾರಣ ಹೆಚ್ಚಾಗಿ ಎರಡೇ: ಪ್ರಮಾಣಪತ್ರದಲ್ಲಿರುವ ಹೆಸರು ಆಧಾರ್‌ಗೆ ಹೊಂದುತ್ತಿಲ್ಲ, ಇಲ್ಲವೇ ಆದಾಯ ಪ್ರಮಾಣಪತ್ರದ ಐದು ವರ್ಷದ ಅವಧಿ ಮುಗಿದಿದೆ. ಎಂಟನೇ ಕ್ಲಾಸಿನಲ್ಲಿ ಮಾಡಿಸಿದ ಪತ್ರ ನರ್ಸಿಂಗ್ ಮೊದಲ ವರ್ಷದ ಹೊತ್ತಿಗೆ ಸರಿಯಾಗಿ ಕೈಕೊಡುತ್ತದೆ, ಲೆಕ್ಕ ಹಾಕಿ ನೋಡಿ.

ಹೆಸರಿನ ರಗಳೆ ಬಗ್ಗೆ ಸ್ವಲ್ಪ ನಿಲ್ಲಬೇಕು. ನಮ್ಮಲ್ಲಿ ಇನಿಷಿಯಲ್ ಒಂದು ಕಡೆ ಹಿಂದೆ, ಇನ್ನೊಂದು ಕಡೆ ಮುಂದೆ, ಮತ್ತೊಂದು ಕಡೆ ಅಪ್ಪನ ಪೂರ್ತಿ ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ "ಲಕ್ಷ್ಮೀ ಎಚ್", ಆಧಾರ್‌ನಲ್ಲಿ "ಲಕ್ಷ್ಮಿ ಹನುಮಂತಪ್ಪ" ಎಂದಿದ್ದರೆ ಕಂಪ್ಯೂಟರಿಗೆ ಇವರು ಇಬ್ಬರು ಹುಡುಗಿಯರು. ಅಂಕಪಟ್ಟಿ ತಿದ್ದಿಸುವುದು ತಿಂಗಳುಗಟ್ಟಲೆ ಕೆಲಸ. ಆಧಾರ್ ಅನ್ನು ಅಂಕಪಟ್ಟಿಗೆ ಹೊಂದಿಸಿ, ಆಮೇಲೆ ಜಾತಿ, ಆದಾಯ ಪತ್ರ ಮಾಡಿಸಿ. ಈ ಅನುಕ್ರಮ ತಪ್ಪಿದರೆ ಎಲ್ಲವನ್ನೂ ಮತ್ತೊಮ್ಮೆ ಮಾಡಿಸಬೇಕಾಗುತ್ತದೆ.

ಆಮೇಲೆ ಕಾಲೇಜಿನ ಪಾಲಿನ ಕೆಲಸ. ವ್ಯಾಸಂಗ ಪ್ರಮಾಣಪತ್ರದಂಥ ದಾಖಲೆಗಳನ್ನು ಇ-ದೃಢೀಕರಣ ಮಾಡಿಸಬೇಕು. ಅದಕ್ಕೆ ಗೊತ್ತುಪಡಿಸಿದ ಅಧಿಕಾರಿ ದೃಢೀಕರಿಸಿದಾಗ ಒಂದು ಸಂಖ್ಯೆ ಬರುತ್ತದೆ, ಅರ್ಜಿಯಲ್ಲಿ ಹಾಕುವುದು ಆ ಸಂಖ್ಯೆಯನ್ನು. ನರ್ಸಿಂಗ್‌ನವರಿಗೆ ಇಲ್ಲೊಂದು ವಿಶೇಷ ತೊಡಕು. ಪ್ರವೇಶವೇ ತಡವಾಗಿ ಮುಗಿಯುವುದರಿಂದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ ಕೈಗೆ ಬರುವುದೂ ತಡ. ಆ ಸಂಖ್ಯೆ ಹಾಕಿದಾಗ ಕೋರ್ಸು, ವರ್ಷ ತಪ್ಪು ತೋರಿಸಿದರೆ ವಿದ್ಯಾರ್ಥಿ ಏನೂ ಮಾಡಲಾರಳು, ಕಾಲೇಜೇ ಸರಿಪಡಿಸಬೇಕು. ತಪ್ಪು ತೋರಿಸುತ್ತಿದ್ದರೂ "ಆಮೇಲೆ ನೋಡೋಣ" ಎಂದು ಅರ್ಜಿ ಸಲ್ಲಿಸಿಬಿಡಬೇಡಿ. ಪರದೆಯ ಫೋಟೋ ತೆಗೆದು, ದಿನಾಂಕ ಹಾಕಿದ ಮನವಿಯ ಜೊತೆ ಕಾಲೇಜು ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಬ್ಯಾಂಕ್ ಖಾತೆಗೆ ಆಧಾರ್ ಕೊಟ್ಟಿದ್ದೇನೆ ಎಂದರೆ ಸಾಲದು. ಕೆವೈಸಿಗೆ ಆಧಾರ್ ಕೊಡುವುದು ಒಂದು, ಸರ್ಕಾರದ ದುಡ್ಡು ಬರಲೆಂದು ಎನ್‌ಪಿಸಿಐ ಎಂಬ ರಾಷ್ಟ್ರೀಯ ಪಾವತಿ ನಿಗಮದಲ್ಲಿ ಜೋಡಿಸುವುದು ಇನ್ನೊಂದು. ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ದುಡ್ಡು ಅಲ್ಲಿಗೇ ಹೋಗುತ್ತದೆ. ಸಿಮ್ ಕೊಳ್ಳುವಾಗ ಅಂಗಡಿಯವನು ತೆರೆದುಕೊಟ್ಟ ಪೇಮೆಂಟ್ಸ್ ಬ್ಯಾಂಕ್ ಖಾತೆಯಲ್ಲಿ ಸ್ಕಾಲರ್‌ಶಿಪ್ ಕೂತಿದ್ದು, ಮನೆಯವರು ಗ್ರಾಮೀಣ ಬ್ಯಾಂಕಿನ ಪಾಸ್‌ಬುಕ್ ಎಂಟ್ರಿ ಮಾಡಿಸುತ್ತಲೇ ಇರುತ್ತಾರೆ. ಮೈಆಧಾರ್ ತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ಎಂಬಲ್ಲಿ ಒಂದೇ ನಿಮಿಷದಲ್ಲಿ ನೋಡಬಹುದು. ಇನ್ನೊಂದು ಗುಟ್ಟು: ನರ್ಸಿಂಗ್ ಸೇರಲು ಆ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿದ್ದರೆ ಸಾಕು. ಹಾಗಾಗಿ ತುಂಬಾ ಹುಡುಗಿಯರು 18 ದಾಟುವುದು ಮೊದಲ ವರ್ಷದಲ್ಲೇ. ಶಾಲೆಯಲ್ಲಿದ್ದಾಗ ಮೈನರ್ ಎಂದು ತೆರೆದ ಖಾತೆ, ಹೊಸದಾಗಿ ಸಹಿ ಮತ್ತು ಕೆವೈಸಿ ಕೊಡುವವರೆಗೆ ನಿಂತುಬಿಡುತ್ತದೆ. ಹುಟ್ಟುಹಬ್ಬದ ಮರುದಿನ ಬ್ಯಾಂಕಿಗೆ ಹೋಗಿ ಬನ್ನಿ.

ಸರ್ಕಾರದ ದುಡ್ಡು ಬರುವವರೆಗೆ ಮೊದಲ ವರ್ಷ ದಾಟಿಸುವುದು ಹೇಗೆ? ಎಸ್‌ಸಿ, ಎಸ್‌ಟಿಯವರು ಸೆಕೆಂಡ್ ಪಿಯುಸಿಯನ್ನು ಮೊದಲ ಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾಗಿದ್ದರೆ ಪ್ರೋತ್ಸಾಹಧನ 20,000 ರೂಪಾಯಿ ಇದೆ, ಅದಕ್ಕೆ ಬೇರೆಯೇ ಅರ್ಜಿ. ಹತ್ತನೇ ತರಗತಿ ಮತ್ತು ಪಿಯುಸಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನ ವಿದ್ಯಾರ್ಥಿವೇತನ ವರ್ಷಕ್ಕೆ 30,000. ಪದವಿಗೂ ಡಿಪ್ಲೊಮಾಗೂ ಕೊಡುವುದರಿಂದ ಜಿಎನ್‌ಎಂನವರೂ ಹಾಕಬಹುದು. ಅರ್ಜಿಗೆ ಶುಲ್ಕವಿಲ್ಲ, ಯಾರಾದರೂ ಕೇಳಿದರೆ ಕೊಡಬೇಡಿ. ರೈತರ ಮಕ್ಕಳಿಗೆಂದು 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ನರ್ಸಿಂಗ್‌ಗೆ ಹುಡುಗರಿಗೆ 7,500, ಹುಡುಗಿಯರಿಗೆ 8,000 ಎಂದು ನಿಗದಿಯಾಗಿತ್ತು. ಜಮೀನು ಇದ್ದವರು ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಸರಿ ಇದೆಯೇ ನೋಡಿಕೊಂಡು, ಆ ವರ್ಷದ ಆದೇಶ ಬಂದಿದೆಯೇ ವಿಚಾರಿಸಿ. ಅಪ್ಪ ಅಮ್ಮ ಗಾರೆ ಕೆಲಸದವರಾಗಿ, ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ನವೀಕರಣ ಆಗಿದ್ದರೆ ಮಂಡಳಿಯ ಶೈಕ್ಷಣಿಕ ಸಹಾಯಧನ ಇನ್ನೊಂದು ದಾರಿ.

ಆದಾಯ ಮಿತಿ ಸ್ವಲ್ಪ ದಾಟಿ ಎಲ್ಲದರಿಂದಲೂ ಹೊರಬಿದ್ದವರಿಗೆ ಕೇಂದ್ರದ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್ ನೋಡಬಹುದು. ಪಿಯುಸಿಯಲ್ಲಿ ಬೋರ್ಡಿನ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು, ಅಂದರೆ ಅಂಕದಲ್ಲಿ ಮೇಲಿನ 20% ಜನರೊಳಗೆ, ಆದಾಯ 4.5 ಲಕ್ಷದವರೆಗೆ. ಮೊದಲ ಮೂರು ವರ್ಷ 12,000, ನಾಲ್ಕನೇ ವರ್ಷ 20,000, ಅಂದರೆ ಬಿಎಸ್ಸಿ ನರ್ಸಿಂಗ್ ಮುಗಿಯುವ ಹೊತ್ತಿಗೆ 56,000. ಡಿಪ್ಲೊಮಾಗೆ ಇಲ್ಲ, ಬೇರೆ ಸ್ಕಾಲರ್‌ಶಿಪ್ ಜೊತೆಗೂ ಇಲ್ಲ, ಮೊದಲ ವರ್ಷದಲ್ಲೇ ಹಾಕದಿದ್ದರೆ ಆಮೇಲೆ ಅವಕಾಶವೂ ಇಲ್ಲ. ಅರ್ಜಿ ರಾಷ್ಟ್ರೀಯ ಪೋರ್ಟಲ್ ಎನ್‌ಎಸ್‌ಪಿಯಲ್ಲಿ. ಅಲ್ಲಿ ಕಾಲೇಜಿನ ನೋಡಲ್ ಅಧಿಕಾರಿ ಪರಿಶೀಲಿಸಿ ಮುಂದೆ ಕಳಿಸದಿದ್ದರೆ ಅರ್ಜಿ ಅಲ್ಲೇ ಸಾಯುತ್ತದೆ. ಕೆಲವು ಕಾಲೇಜುಗಳು ಆ ಪೋರ್ಟಲ್‌ನಲ್ಲಿ ಹೆಸರನ್ನೇ ನೋಂದಾಯಿಸಿರುವುದಿಲ್ಲ. ಪ್ರಗತಿ ಸ್ಕಾಲರ್‌ಶಿಪ್‌ಗೆ ಹಾಕಿ ಎಂದು ಯೂಟ್ಯೂಬಿನಲ್ಲಿ ಹೇಳಿದ್ದನ್ನು ಕೇಳಿ ಸೈಬರ್ ಸೆಂಟರಿಗೆ ದುಡ್ಡು ಸುರಿಯಬೇಡಿ, ಅದು ಎಐಸಿಟಿಇ ಮಾನ್ಯತೆಯ ತಾಂತ್ರಿಕ ಕೋರ್ಸುಗಳಿಗೆ, ನರ್ಸಿಂಗ್ ಅದರೊಳಗೆ ಬರುವುದಿಲ್ಲ.

ಸೇರಿದ ಮೇಲೆ ಹಾಜರಾತಿ. ಪರೀಕ್ಷೆಗೆ ಕೂರಲು ಭಾರತೀಯ ಶುಶ್ರೂಷಾ ಪರಿಷತ್ತು ಕೇಳುವುದು 80%, ಕ್ಲಿನಿಕಲ್ ಪೋಸ್ಟಿಂಗ್ ಅಂತೂ ಪದವಿ ಕೈಗೆ ಬರುವ ಮುಂಚೆ 100% ಮುಗಿಸಿರಬೇಕು. ಕಾಲೇಜಿನ 80% ಹಿಡಿದುಕೊಂಡರೆ ಸ್ಕಾಲರ್‌ಶಿಪ್ ಕೇಳುವ 75% ಹಾಜರಾತಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಪ್ರತಿ ವರ್ಷ ನವೀಕರಣದ ಅರ್ಜಿಯನ್ನು ಮತ್ತೆ ಹಾಕಬೇಕು, ಅದು ತಾನಾಗಿ ಮುಂದುವರಿಯುವುದಿಲ್ಲ. ರಸೀದಿ, ಅರ್ಜಿಯ ಪ್ರಿಂಟ್, ಇ-ದೃಢೀಕರಣ ಸಂಖ್ಯೆ, ಹಂಚಿಕೆ ಪತ್ರ ಇವನ್ನೆಲ್ಲ ಒಂದು ಫೈಲಿನಲ್ಲಿ ಹಾಕಿ ಮನೆಯಲ್ಲಿಡಿ. ಹಾಸ್ಟೆಲ್ ಟ್ರಂಕಿನಲ್ಲಿ ಇಟ್ಟರೆ ಎರಡನೇ ವರ್ಷದ ಹೊತ್ತಿಗೆ ಸಿಗುವುದಿಲ್ಲ.